ಅಡಿಕೆ ಮಂಡಿಯಲ್ಲಿ ಓಪನ್‌ಮೀಡಿಯಾವಾಲ್ಟ್: ಲಾಗಿನ್ ಸೆಟ್ಟಿಂಗ್ ಹೇಗಿದೆ?

ಸಾಗರದ ನಮ್ಮ ಅಡಿಕೆ ಮಂಡಿಯಲ್ಲಿ ಹಳೆಯ ಡೆಸ್ಕ್‌ಟಾಪ್ ಒಂದಕ್ಕೆ ಓಪನ್‌ಮೀಡಿಯಾವಾಲ್ಟ್ ಹಾಕಿ ಫೈಲ್ ಸರ್ವರ್ (ಎಲ್ಲ ಕಂಪ್ಯೂಟರ್‌ಗಳೂ ಫೈಲ್ ಹಂಚಿಕೊಳ್ಳುವ ಯಂತ್ರ) ಮಾಡಿಕೊಂಡಿದ್ದೇವೆ. ಡೆಬಿಯನ್ ಲಿನಕ್ಸ್ ಮೇಲೆ ನಡೆಯುವ ಉಚಿತ ಸಾಫ್ಟ್‌ವೇರ್ ಇದು, 2011ರಿಂದ ಇದೆ. ಇಲ್ಲಿ ಬರೆಯುತ್ತಿರುವುದು ಲಾಗಿನ್ ಬಗ್ಗೆ ಮಾತ್ರ.

ಯೂಸರ್ ಸೇರಿಸುವುದು ಸುಲಭ. ಬ್ರೌಸರ್‌ನಲ್ಲಿ ಹೆಸರು, ಪಾಸ್‌ವರ್ಡ್ ಕೊಟ್ಟರೆ ಲಿನಕ್ಸ್ ಖಾತೆ, ಸಾಂಬಾ (ಲಿನಕ್ಸ್‌ನ ಫೋಲ್ಡರ್‌ಗಳನ್ನು ವಿಂಡೋಸ್‌ಗೆ ಹಂಚುವ ಸಾಫ್ಟ್‌ವೇರ್) ಖಾತೆ ಎರಡೂ ಒಟ್ಟಿಗೆ ಆಗುತ್ತವೆ. ಬರೀ ಸಾಂಬಾ ಹಾಕಿಕೊಂಡವರಿಗೆ ಇದರ ಬೆಲೆ ಗೊತ್ತು. ಅಲ್ಲಿ ಎರಡು ಖಾತೆಗೂ ಪಾಸ್‌ವರ್ಡ್ ಪ್ರತ್ಯೇಕವಾಗಿ ಹಾಕಬೇಕು.

ತಲೆನೋವು ಇರುವುದು ಹಕ್ಕುಗಳಲ್ಲಿ. ಪ್ರತಿ ಫೋಲ್ಡರ್‌ಗೂ ಪರ್ಮಿಷನ್ಸ್ (ಹಳೆಯ ಆವೃತ್ತಿಯಲ್ಲಿ ಪ್ರಿವಿಲೇಜಸ್) ಅಂತ ಒಂದು, ಎಸಿಎಲ್ (ಯಾವ ಫೈಲನ್ನು ಯಾರು ಮುಟ್ಟಬಹುದು ಎಂಬ ಪಟ್ಟಿ) ಅಂತ ಇನ್ನೊಂದು. ಮೊದಲನೆಯದು ಸಾಂಬಾ ಬಾಗಿಲಲ್ಲೇ ತಡೆಯುತ್ತದೆ, ಎರಡನೆಯದು ಡಿಸ್ಕಿನ ಮೇಲಿನ ಫೈಲಿಗೇ ಅಂಟಿಕೊಳ್ಳುತ್ತದೆ. ಮಂಡಿಯಂಥ ಜಾಗಕ್ಕೆ ಮೊದಲನೆಯದೇ ಸಾಕು, ಎಸಿಎಲ್ ಕಡೆ ಸುಮ್ನೆ ಹೋಗಬೇಡಿ. ಆದರೆ ಪರ್ಮಿಷನ್ಸ್ ಖಾಲಿ ಬಿಟ್ಟರೆ ಯಾರಿಗೂ ಪ್ರವೇಶವಿಲ್ಲ ಎಂದುಕೊಳ್ಳಬೇಡಿ. ಲಾಗಿನ್ ಆದವರೆಲ್ಲ ಬರೆಯಬಹುದು, ಅಳಿಸಬಹುದು! ತೂಕದ ಚೀಟಿ ನಮೂದಿಸುವ ಹುಡುಗನಿಗೆ ರೈತರ ಲೆಕ್ಕದ ಫೋಲ್ಡರ್ ಕಾಣಬಾರದು ಎಂದರೆ ಅವನ ಹೆಸರಿನ ಎದುರು 'ನೋ ಆಕ್ಸೆಸ್' ಟಿಕ್ ಮಾಡಲೇಬೇಕು. ರಾಶಿ, ಬೆಟ್ಟೆ ಅಡಿಕೆಯ ದರಪಟ್ಟಿ ಎಲ್ಲರಿಗೂ ಬೇಕು, ಅದನ್ನು 'ರೀಡ್ ಓನ್ಲಿ' ಇಟ್ಟಿದ್ದೇವೆ.

ಎಲ್ಲರಿಗೂ ಒಂದೇ ಪಾಸ್‌ವರ್ಡ್ ಸಾಕಲ್ವಾ ಎನ್ನುವವರಿಗೆ: ಶೇರ್‌ನ (ಹಂಚಿದ ಫೋಲ್ಡರ್‌ನ) ಸೆಟ್ಟಿಂಗ್‌ನಲ್ಲಿ ರಿಸೈಕಲ್ ಬಿನ್ ಇದೆ, ಯಾರು ಯಾವ ಫೈಲ್ ಅಳಿಸಿದರು ಎಂದು ಬರೆದಿಡುವ ಆಡಿಟ್ ಇದೆ. ಹೆಸರು ಬೇರೆ ಬೇರೆ ಇದ್ದರೆ ಮಾತ್ರ ಆಡಿಟ್‌ನಿಂದ ಉಪಯೋಗ. ಪಾಸ್‌ವರ್ಡ್ ಇಲ್ಲದೆ ಒಳಗೆ ಹೋಗುವ ಗೆಸ್ಟ್ ದಾರಿಯೂ ಮುಚ್ಚುತ್ತಿದೆ. ವಿಂಡೋಸ್ 11 ಪ್ರೊ, 24ಎಚ್2 ಆವೃತ್ತಿಯಿಂದ ಗೆಸ್ಟ್ ಲಾಗಿನ್ ಅನ್ನು ತಾನಾಗಿಯೇ ತಡೆಯುತ್ತದೆ.

ಇನ್ನು 'ಪಾಸ್‌ವರ್ಡ್ ಸರಿ ಇದೆ, ಆದ್ರೂ ಒಳಗೆ ಬಿಡ್ತಿಲ್ಲ' ಎಂಬ ದೂರು. ಹೆಚ್ಚಿನ ಸಲ ಇದು ಸರ್ವರ್ ಕಡೆಯದಲ್ಲ. ವಿಂಡೋಸ್ ಒಂದು ಸರ್ವರ್‌ಗೆ ಒಮ್ಮೆಗೆ ಒಂದೇ ಹೆಸರಿನಲ್ಲಿ ಹೋಗುತ್ತದೆ. ಗುಮಾಸ್ತರು ಲಾಗಿನ್ ಆದ ಕಂಪ್ಯೂಟರಿನಿಂದಲೇ ನೀವು ನಿಮ್ಮ ಹೆಸರಿನಲ್ಲಿ ಹೋದರೆ ಎರರ್ ಬರುತ್ತದೆ. 'ನೆಟ್ ಯೂಸ್' ಕಮಾಂಡಿನಿಂದ ಹಳೆಯ ಸಂಪರ್ಕ ಕಡಿದು, ವಿಂಡೋಸ್ ಪಾಸ್‌ವರ್ಡ್ ನೆನಪಿಡುವ ಕ್ರೆಡೆನ್ಶಿಯಲ್ ಮ್ಯಾನೇಜರ್‌ನಲ್ಲಿ ಕೂತಿರುವ ಹಳೆಯ ಪಾಸ್‌ವರ್ಡ್ ಅಳಿಸಿ. ಅದಕ್ಕಿಂತ ಒಳ್ಳೆಯದು, ವಿಂಡೋಸ್ ಖಾತೆಗೂ ಸರ್ವರ್ ಖಾತೆಗೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಇಡುವುದು. ಆಗ ವಿಂಡೋಸ್ ಪಾಸ್‌ವರ್ಡ್ ಕೇಳುವುದೇ ಇಲ್ಲ.

ಐದಕ್ಕೆ ನಾಲ್ಕು ಕೊಡುತ್ತೇನೆ. ಕಡಿದ ಒಂದು ಅಂಕ ಆ ಎರಡು ಬಗೆಯ ಹಕ್ಕುಗಳ ಗೋಜಲಿಗೆ. ಕೆಲಸ ಬಿಟ್ಟವರ ಖಾತೆಯನ್ನು ಮಾತ್ರ ತಕ್ಷಣ ಅಳಿಸಬೇಡಿ. ಅವರ ಫೈಲುಗಳ ಮಾಲೀಕರ ಜಾಗದಲ್ಲಿ ಬರೀ ಒಂದು ಸಂಖ್ಯೆ ಉಳಿಯುತ್ತದೆ. ಮೊದಲು ಪಾಸ್‌ವರ್ಡ್ ಬದಲಿಸಿ, ಫೈಲುಗಳನ್ನು ಬೇರೆಯವರ ಹೆಸರಿಗೆ ಮಾಡಿ, ಆಮೇಲೆ ಖಾತೆ ತೆಗೆಯಿರಿ.