ಕರಾವಳಿಯಲ್ಲಿ ಮನೆಮಂದಿಯ ಸಂಭ್ರಮದ ಊಟ: ಮಂಗಳೂರಿನ ಮೀನೋ, ಕುಂದಾಪುರದ ಘೀ ರೋಸ್ಟೋ, ಕೋರಿ ರೊಟ್ಟಿಯೋ?

ಘಟ್ಟ ಇಳಿದು ಕರಾವಳಿಗೆ ಬರುವ ಮನೆಮಂದಿ ಸಾಮಾನ್ಯವಾಗಿ ಒಂದು ನೆಪ ಇಟ್ಟುಕೊಂಡೇ ಬರುತ್ತಾರೆ: ಅಪ್ಪನಿಗೆ ಅರವತ್ತು ತುಂಬಿದ್ದು, ದುಬೈಯಿಂದ ಅಣ್ಣ ಬಂದದ್ದು, ಕೊಲ್ಲೂರಿನ ಹರಕೆ ತೀರಿಸಬೇಕಾದದ್ದು. ದರ್ಶನದ ಹೊತ್ತು, ಕಡಲಿಗೆ ಇಳಿಯುವ ಹೊತ್ತು ಎಲ್ಲ ಮೊದಲೇ ನಿಗದಿಯಾಗಿರುತ್ತದೆ. ಎಲ್ಲರೂ ಸೇರಿ ಉಣ್ಣುವ ಆ ಒಂದು ದೊಡ್ಡ ಊಟವನ್ನು ಮಾತ್ರ ಹೊಟ್ಟೆ ಹಸಿದ ಮೇಲೆ ಹುಡುಕಲು ಹೊರಡುತ್ತಾರೆ. ಮಾಂಸಾಹಾರಿಗಳ ಮಟ್ಟಿಗೆ ಇಲ್ಲಿ ನಿಜವಾದ ಪೈಪೋಟಿ ಇರುವುದು ಮೂರರ ನಡುವೆ: ಮಂಗಳೂರಿನ ಮೀನೂಟ, ಕುಂದಾಪುರದ ಘೀ ರೋಸ್ಟ್ (ತುಪ್ಪದಲ್ಲಿ ಹುರಿದ ಮಸಾಲೆ ಕೋಳಿ) ಮತ್ತು ನೀರುದೋಸೆ, ದಾರಿಯುದ್ದಕ್ಕೂ ಸಿಗುವ ಕೋರಿ ರೊಟ್ಟಿ (ಕೋಳಿಸಾರಿನಲ್ಲಿ ನೆನೆಸಿ ತಿನ್ನುವ ಗರಿಗರಿ ಅಕ್ಕಿರೊಟ್ಟಿ). ಬೇರೆ ಬೇರೆ ಗಾತ್ರದ ಗುಂಪಿನೊಂದಿಗೆ, ಬೇರೆ ಬೇರೆ ತಿಂಗಳಲ್ಲಿ ಮೂರನ್ನೂ ಉಂಡು ನೋಡಿದ ಮೇಲೆ ನಮ್ಮ ತೀರ್ಮಾನ ಇದು. ರುಚಿಯಲ್ಲಿ ಮೀನಿಗೇ ಮೊದಲ ಮಣೆ. ಆದರೆ ಗುಂಪು ಆರು ಜನ ದಾಟಿತೋ, ಘೀ ರೋಸ್ಟ್ ಆರಿಸಿಕೊಳ್ಳಿ. ಇದಕ್ಕೆ ಕಾರಣ ರುಚಿಯಲ್ಲ, ಕಾವಲಿ.

ಮೀನು ಹುರಿಯುವುದು ಒಂದೊಂದೇ ತುಂಡನ್ನು. ಅಂಜಲ್ (ಸುರ್ಮಾಯಿ) ಮೀನಿನ ತುಂಡು ಒಂದು ಮಗ್ಗುಲಿಗೆ ಮೂರ್ನಾಲ್ಕು ನಿಮಿಷ ಬೇಯಬೇಕು. ಇಡೀ ಬಂಗುಡೆಗೋ ಕಾಣೆ ಮೀನಿಗೋ ಒಟ್ಟು ಹತ್ತು ನಿಮಿಷ ಬೇಕು. ಎಂಟು ಜನ ಕುಳಿತು ನಾಲ್ಕು ಬಗೆಯ ಮೀನು ಹೇಳಿದರೆ ನಾಲ್ಕೂ ನಾಲ್ಕು ಹೊತ್ತಿಗೆ ಬರುತ್ತವೆ. ಅನ್ನ, ಸಾರು, ಪಲ್ಯದ ತಟ್ಟೆ ಮಾತ್ರ ಕುಳಿತ ಕೂಡಲೇ ಎದುರಿಗೆ ಬಂದುಬಿಡುತ್ತದೆ. ಅತ್ತೆಯ ಅನ್ನ ಮುಗಿದಿರುತ್ತದೆ, ಮಾವನ ಮೀನು ಇನ್ನೂ ಬಂದಿರುವುದಿಲ್ಲ, ಮಕ್ಕಳು ಹಪ್ಪಳದಲ್ಲೇ ಹೊಟ್ಟೆ ತುಂಬಿಸಿಕೊಂಡಿರುತ್ತಾರೆ. ಎಲ್ಲರೂ ಒಟ್ಟಿಗೆ ಉಣ್ಣಬೇಕೆಂದೇ ಹೊರಟ ದಿನ ಹೀಗಾದರೆ ಬೇಸರವಾಗುತ್ತದೆ. ಘೀ ರೋಸ್ಟ್ ಹಾಗಲ್ಲ. ಒಂದೇ ಬಾಣಲೆಯಲ್ಲಿ ನಾಲ್ಕು ಪ್ಲೇಟು ಒಟ್ಟಿಗೆ ಆಗುತ್ತದೆ, ಒಟ್ಟಿಗೇ ಮೇಜಿಗೆ ಬರುತ್ತದೆ.

ಮೀನೂಟ

ಮೂರ್ನಾಲ್ಕು ಜನರಷ್ಟೇ ಇದ್ದರೆ ಇದಕ್ಕೆ ಸಾಟಿಯಿಲ್ಲ. ಮಂಗಳೂರಿನಲ್ಲಿ ಬಂದರು ಬದಿಯ ನಾರಾಯಣ, ರಥಬೀದಿಯ ಗಿರಿಮಂಜಾಸ್, ಕೊಡಿಯಾಲ್‌ಬೈಲಿನ ಮಚಲಿ ಎಲ್ಲರ ಬಾಯಲ್ಲೂ ಇರುವ ಹೆಸರುಗಳು, ಉಡುಪಿಯಲ್ಲಿ ತಿಮ್ಮಪ್ಪ. ಹಳೆಯ ಬಗೆಯ ಮೀನು ಹೋಟೆಲುಗಳಲ್ಲಿ ಟೇಬಲ್ ಕಾದಿರಿಸುವ ಪದ್ಧತಿ ಕಡಿಮೆ. ಖಾಲಿಯಾದ ಕುರ್ಚಿಗೆ ಯಾರು ಮೊದಲೋ ಅವರು. ಅಪರಿಚಿತರ ಪಕ್ಕದಲ್ಲಿ ಕುಳಿತು ಉಣ್ಣುವುದು ಅಲ್ಲಿ ತೀರಾ ಸಹಜ. ದೊಡ್ಡ ಗುಂಪು ಮೂರು ಟೇಬಲ್‌ಗಳಿಗೆ ಹಂಚಿಹೋಗುವುದು ಹೀಗೆಯೇ.

ಹೊತ್ತು ಬಹಳ ಮುಖ್ಯ. 12 ಗಂಟೆಗೆ ಒಳಗಿದ್ದರೆ ಅಂಜಲಿನ ನಡುಭಾಗದ ತುಂಡು ಸಿಗುತ್ತದೆ. ಎರಡು ಗಂಟೆಗೆ ಹೋದರೆ ಉಳಿದಿರುವುದು ಬಾಲದ ಕಡೆಯದು. ಅದರಲ್ಲಿ ಕೊಬ್ಬು ಕಡಿಮೆ, ಹುರಿದರೆ ಬೇಗ ಒಣಗುತ್ತದೆ. ತುಂಡು ಸುಮಾರು ಒಂದೂವರೆ ಸೆಂಟಿಮೀಟರ್ ದಪ್ಪ ಇರಬೇಕು. ಅದಕ್ಕಿಂತ ತೆಳುವಾದರೆ ಮಸಾಲೆ ಹುರಿಯುವಷ್ಟರಲ್ಲಿ ಒಳಗಿನ ನೀರೆಲ್ಲ ಆರಿರುತ್ತದೆ. ಮಸಾಲೆ ಹಚ್ಚಿದ ಹಸಿ ಮೀನನ್ನು ತಟ್ಟೆಯಲ್ಲಿ ತಂದು ತೋರಿಸುವ ಕಡೆಗಳಲ್ಲಿ ನಾಚಿಕೆಪಡದೆ ನೋಡಿ ಆರಿಸಿ.

ಬಯಲುಸೀಮೆಯಿಂದ ಬಂದವರಿಗೂ ಮಕ್ಕಳಿಗೂ ಅಂಜಲ್ ರವಾ ಫ್ರೈ ಒಳ್ಳೆಯದು. ನಡುವೆ ಒಂದೇ ಮುಳ್ಳು, ಸುಲಭವಾಗಿ ಬಿಡಿಸಬಹುದು. ರವೆಯ ಹೊದಿಕೆ ಒಳಗಿನ ತೇವವನ್ನು ಹಿಡಿದಿಡುತ್ತದೆ, ಖಾರವೂ ಕಡಿಮೆ. ಕಾಣೆ ಇದಕ್ಕಿಂತ ಮೃದು. ಬೆನ್ನಿನ ಉದ್ದಕ್ಕೆ ಬೆರಳಿನಿಂದ ಒತ್ತಿ ಎರಡು ಹೋಳು ಮಾಡಿದರೆ ನಡುಮುಳ್ಳು ಇಡಿಯಾಗಿ ಕೈಗೆ ಬರುತ್ತದೆ. ಬೂತಾಯಿ ರುಚಿಯಲ್ಲಿ ಯಾರಿಗೂ ಕಡಿಮೆಯಿಲ್ಲ, ಆದರೆ ಸಣ್ಣ ಮುಳ್ಳು ಲೆಕ್ಕವಿಲ್ಲದಷ್ಟು. ರೂಢಿ ಇಲ್ಲದವರಿಗೆ ಅದನ್ನು ಬಡಿಸಿ ಗಂಟಲಿಗೆ ಕಷ್ಟ ಕೊಡಬೇಡಿ. ಬಂಗುಡೆಯನ್ನು ಹುರಿಯುವುದಕ್ಕಿಂತ ಹುಣಸೆ, ಮೆಣಸಿನ ಸಾರಾದ ಪುಳಿಮುಂಚಿಯಲ್ಲೇ ತಿನ್ನಬೇಕೆಂಬುದು ನಮ್ಮ ಪಕ್ಷ. ಅದರ ಎಣ್ಣೆ ಅಂಶಕ್ಕೆ ಹುಣಸೆಹುಳಿಯೇ ಸರಿಯಾದ ಜೋಡಿ.

ಮೆನುವಿನಲ್ಲಿ ಬೆಲೆಯ ಜಾಗದಲ್ಲಿ ‘ಗಾತ್ರಕ್ಕೆ ತಕ್ಕಂತೆ’ ಎಂದು ಬರೆದಿದ್ದರೆ ಕಾವಲಿಗೆ ಹಾಕುವ ಮೊದಲೇ ಬೆಲೆ ಕೇಳಿ. ಮಾಂಜಿ (ಪಾಂಫ್ರೆಟ್) ಮತ್ತು ದೊಡ್ಡ ಏಡಿಯಲ್ಲಿ ಬಿಲ್ ಬೆಚ್ಚಿಬೀಳಿಸುವುದು ಇದನ್ನು ಕೇಳದೆ ಬಿಟ್ಟಾಗಲೇ. ಊಟದ ತಟ್ಟೆ ಅಗ್ಗ ಎಂಬುದನ್ನು ನೋಡಿ ಒಟ್ಟು ಖರ್ಚು ಲೆಕ್ಕ ಹಾಕಬೇಡಿ, ಫ್ರೈ ಎಲ್ಲವೂ ಬೇರೆ.

ತಾಜಾ ಮೀನು ಬೆರಳಿನಲ್ಲಿ ಒತ್ತಿದರೆ ಪದರ ಪದರವಾಗಿ ಬಿಡುತ್ತದೆ, ಪದರದ ನಡುವೆ ಹೊಳಪಿರುತ್ತದೆ. ಬಹಳ ದಿನ ಐಸಿನಲ್ಲಿ ಇದ್ದದ್ದು ಪುಡಿಪುಡಿಯಾಗುತ್ತದೆ, ಬಾಯಿಗೆ ಹತ್ತಿಯಂತೆ ಹತ್ತುತ್ತದೆ. ಮಸಾಲೆ ಎಷ್ಟು ಗಾಢವಾಗಿದ್ದರೂ ಇದನ್ನು ಮುಚ್ಚಲಾರದು. ಹಾಗಾಗಿ ಮೊದಲು ಒಂದೇ ಪ್ಲೇಟು ಹೇಳಿ, ಒಪ್ಪಿಗೆಯಾದರೆ ಉಳಿದದ್ದು ಹೇಳಿ. ಸಣ್ಣ ಗುಂಪಿಗೆ ಇದು ಆಗುವ ಮಾತು.

ತಿಂಗಳನ್ನೂ ನೋಡಬೇಕು. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ನಾಡದೋಣಿಗಳು ಹಿಡಿದ ಸಣ್ಣ ಮೀನು, ಹೊಳೆಮೀನು ಆಗಲೂ ಸಿಗುತ್ತವೆ. ಆದರೆ ಆ ತಿಂಗಳಲ್ಲಿ ತಟ್ಟೆಗೆ ಬರುವ ಅಂಜಲ್ ಬಹುಪಾಲು ಶೈತ್ಯಾಗಾರದ್ದು ಅಥವಾ ಹೊರಗಿನಿಂದ ಬಂದದ್ದು. ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ ಇರುವುದರಿಂದ ಜೂನ್ ಕಳೆಯುತ್ತಿದ್ದಂತೆ ಆ ಕಡೆಯ ಮೀನು ಲಾರಿಯಲ್ಲಿ ಇಲ್ಲಿಗೆ ಬರುತ್ತದೆ. ಮಳೆ ನೋಡಲು ಜುಲೈಯಲ್ಲಿ ಬರುವವರು ಮೀನಿನ ಆಸೆಯನ್ನು ಸ್ವಲ್ಪ ಬದಿಗಿಟ್ಟು ಮುಂದಿನ ಭಾಗ ಓದಿ.

ದೊಡ್ಡ ಗುಂಪಾಗಿದ್ದೂ ಮೀನೇ ಬೇಕೆಂದು ಹಟವಿದ್ದರೆ ಒಂದು ದಾರಿಯಿದೆ. ಎಲ್ಲರಿಗೂ ಒಂದೇ ಮೀನು, ಒಂದೇ ಬಗೆಯ ಫ್ರೈ ಹೇಳಿ. ಊಟದ ತಟ್ಟೆ ಈಗಲೇ ಬೇಡ, ಫ್ರೈ ಬಂದ ಮೇಲೆ ಬಡಿಸಿ ಎಂದು ಬಾಯಿಬಿಟ್ಟು ತಿಳಿಸಿ. ಅಷ್ಟರೊಳಗೆ ಮರುವಾಯಿ (ಚಿಪ್ಪುಮೀನು) ಸುಕ್ಕವೋ ಸಿಗಡಿ ಸುಕ್ಕವೋ, ಅಂದರೆ ಕಾಯಿ ಹಾಕಿದ ಒಣ ಪಲ್ಯ, ಒಂದೆರಡು ಪ್ಲೇಟು ನಡುವಿಗೆ ತರಿಸಿಕೊಂಡರೆ ಕಾಯುವುದು ಕಷ್ಟವಾಗದು. ಅನ್ನ ಕುಚ್ಚಿಲು (ಕುಸುಬಲಕ್ಕಿ) ಬೇಕೋ ಬೆಳ್ತಿಗೆ (ಬಿಳಿ ಅಕ್ಕಿ) ಬೇಕೋ ಎಂದು ಕೇಳುತ್ತಾರೆ. ಮೀನಿನ ಸಾರಿಗೆ ಕುಚ್ಚಿಲೇ ಸರಿ, ಆದರೆ ರೂಢಿಯಿಲ್ಲದ ಮಕ್ಕಳಿಗೆ ಬೆಳ್ತಿಗೆ ಹೇಳಿ.

ಘೀ ರೋಸ್ಟ್ ಮತ್ತು ನೀರುದೋಸೆ

ಘೀ ರೋಸ್ಟ್ ಈಗ ಬೆಂಗಳೂರಿನ ಗಲ್ಲಿಗಲ್ಲಿಯಲ್ಲಿ ಸಿಗುತ್ತದೆ. ಆದರೆ ಅದರ ತವರು ಕುಂದಾಪುರ. ಅಲ್ಲಿನ ಶೆಟ್ಟಿ ಲಂಚ್ ಹೋಮ್ ಜೊತೆಗೇ ಈ ಖಾದ್ಯದ ಹೆಸರು ಅಂಟಿಕೊಂಡಿದೆ. ಊರು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ, ಉಡುಪಿಯಿಂದ ಉತ್ತರಕ್ಕೆ ಒಂದು ಗಂಟೆಯೊಳಗಿನ ದಾರಿ. ಕೊಲ್ಲೂರಿನಲ್ಲಿ ಬೆಳಗಿನ ದರ್ಶನ ಮುಗಿಸಿ ಇಳಿದರೆ ಊಟದ ಹೊತ್ತಿಗೆ ಸರಿಯಾಗಿ ಇಲ್ಲಿಗೆ ತಲುಪಬಹುದು. ದೇವಸ್ಥಾನಕ್ಕೆ ಮೊದಲು ಮಾಂಸ ಮುಟ್ಟದ ಮನೆಗಳಿಗೆ ಈ ಕ್ರಮ ತಾನಾಗಿಯೇ ಹೊಂದುತ್ತದೆ. ಮೊದಲು ಕುಂದಾಪುರ, ಆಮೇಲೆ ಕೊಲ್ಲೂರು ಎಂದು ಯೋಜಿಸಿದವರೇ ಪೇಚಿಗೆ ಸಿಲುಕುವುದು.

ಒಳ್ಳೆಯ ಘೀ ರೋಸ್ಟ್ ಯಾವುದೆಂದು ತಿಳಿಯಲು ಅದು ಹೇಗೆ ಆಗುತ್ತದೆ ಎಂಬುದು ಗೊತ್ತಿರಬೇಕು. ಒಂದು ಕಿಲೋ ಕೋಳಿಗೆ ಮೊಸರು, ಅರಶಿನ, ನಿಂಬೆರಸ ಹಚ್ಚಿ ಕನಿಷ್ಠ ಎರಡು ಗಂಟೆ ಇಡುತ್ತಾರೆ. ಹದಿನೈದರಿಂದ ಇಪ್ಪತ್ತು ಬ್ಯಾಡಗಿ ಮೆಣಸು, ಒಂದು ಚಮಚ ಕಾಳುಮೆಣಸು, ಎರಡು ಚಮಚ ಕೊತ್ತಂಬರಿ, ಅರ್ಧ ಚಮಚ ಜೀರಿಗೆ, ಕಾಲು ಚಮಚದಷ್ಟೇ ಮೆಂತ್ಯ ಹುರಿದು, ಎಂಟು ಹತ್ತು ಎಸಳು ಬೆಳ್ಳುಳ್ಳಿ, ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣು ಸೇರಿಸಿ ನುಣ್ಣಗೆ ಅರೆಯಬೇಕು. ತುಪ್ಪ 100 ಗ್ರಾಮಿಗೆ ಕಡಿಮೆಯಾದರೆ ಆ ಹೆಸರಿಗೆ ಅರ್ಥವಿಲ್ಲ. ಮಸಾಲೆಯನ್ನು ಸಣ್ಣ ಉರಿಯಲ್ಲಿ ತುಪ್ಪ ಬಿಡುವವರೆಗೆ ಹುರಿದು, ಬೆಂದ ಕೋಳಿ ಸೇರಿಸಿ, ಚೂರು ಬೆಲ್ಲ ಹಾಕಿ, ರಸ ಪೂರ್ತಿ ಆರುವವರೆಗೆ ಕೈಯಾಡಿಸಬೇಕು. ತೆಂಗಿನಕಾಯಿ ಇದಕ್ಕೆ ಹಾಕುವುದಿಲ್ಲ. ಕಾಯಿ ಹಾಕಿದ್ದು ಕೋಳಿ ಸುಕ್ಕ, ಅದರ ದಾರಿಯೇ ಬೇರೆ.

ಪ್ಲೇಟು ಬಂದಾಗ ಅಂಚಿನಲ್ಲಿ ಕೆಂಪು ತುಪ್ಪ ನಿಂತಿರಬೇಕು, ಮಸಾಲೆ ತುಂಡಿಗೆ ಅಂಟಿಕೊಂಡಿರಬೇಕು. ಚಮಚದಲ್ಲಿ ಎತ್ತಿದರೆ ಹರಿಯುವ ಗ್ರೇವಿ ಇದ್ದರೆ ಆತುರದಲ್ಲಿ ಆದದ್ದೆಂದು ತಿಳಿಯಿರಿ. ನಾಲಿಗೆಯ ಹಿಂಬದಿಗೆ ಕಹಿ ಹತ್ತಿದರೆ ಮೆಂತ್ಯ ಹೊತ್ತಿದೆ ಅಥವಾ ಹೆಚ್ಚಾಗಿದೆ. ಹಸಿ ಬೆಳ್ಳುಳ್ಳಿಯ ವಾಸನೆ ಇದ್ದರೆ ಮಸಾಲೆ ಹುರಿದದ್ದು ಸಾಲದು. ಬ್ಯಾಡಗಿಯ ಕೆಂಪು ಸ್ವಲ್ಪ ಕಂದಿಗೆ ತಿರುಗಿರುತ್ತದೆ. ಕೈಬೆರಳು ತೊಳೆದರೂ ಕಿತ್ತಳೆ ಬಣ್ಣ ಹೋಗದಿದ್ದರೆ ಬಣ್ಣ ಹಾಕಿದ್ದಾರೆಂದು ಅನುಮಾನಿಸಬಹುದು.

ಮೂಳೆ ಇರುವುದನ್ನೇ ಹೇಳಿ. ಬರಿ ಎದೆಮಾಂಸದ ತುಂಡು ಕೊನೆಯ ಹುರಿತದಲ್ಲಿ ಒಣಗಿ ನಾರಾಗುತ್ತದೆ. ಹಲ್ಲು ಸರಿಯಿಲ್ಲದ ಹಿರಿಯರಿಗೆ, ಪುಟ್ಟ ಮಕ್ಕಳಿಗೆ ಮಾತ್ರ ಮೂಳೆರಹಿತ ಒಂದು ಪ್ಲೇಟು ಸಾಕು. ಇತರ ತಿನಿಸು ಜೊತೆಗಿದ್ದರೆ ಮೂವರಿಗೆ ಒಂದು ಪ್ಲೇಟಿನ ಲೆಕ್ಕ ಸರಿಹೋಗುತ್ತದೆ. ತುಪ್ಪದ ಭಾರಕ್ಕೆ ಅದಕ್ಕಿಂತ ಹೆಚ್ಚು ಯಾರಿಗೂ ಹೋಗುವುದಿಲ್ಲ.

ನೀರುದೋಸೆಯನ್ನು ತಲೆಗೆ ನಾಲ್ಕರಂತೆ ಹಿಡಿಯಿರಿ, ಆದರೆ ಒಮ್ಮೆಲೇ ಹೇಳಬೇಡಿ. ಆರಿದ ನೀರುದೋಸೆ ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗುತ್ತದೆ. ಅರ್ಧ ಮೊದಲು, ಅರ್ಧ ಹತ್ತು ನಿಮಿಷ ಬಿಟ್ಟು. ಖಾರ ತಡೆಯದ ಮಕ್ಕಳಿಗೆ ಅದೇ ದೋಸೆಗೆ ಕಾಯಿ ಬೆಲ್ಲ ಕೇಳಿ, ಹೊಟ್ಟೆ ತುಂಬ ತಿನ್ನುತ್ತಾರೆ.

ಹೆಚ್ಚಿನವರ ಗಮನಕ್ಕೆ ಬಾರದ ಒಂದು ಸಂಗತಿ ಎಸಿ. ತಣ್ಣನೆಯ ಕೋಣೆಯಲ್ಲಿ ಪ್ಲೇಟಿನ ತುಪ್ಪ ಬೇಗ ಗಟ್ಟಿಯಾಗಿ, ಮಸಾಲೆ ಮಂಕಾಗಿ, ಅಂಗುಳಕ್ಕೆ ಮೇಣದಂತೆ ಹಿಡಿಯುತ್ತದೆ. ಫೋಟೋ, ಕೇಕು, ಭಾಷಣ ಎಲ್ಲ ಮುಗಿದ ಮೇಲೆ ಘೀ ರೋಸ್ಟ್ ತರಲು ಹೇಳಿ, ಅಥವಾ ಫ್ಯಾನಿನ ಕೋಣೆಯಲ್ಲೇ ಕುಳಿತುಕೊಳ್ಳಿ. ಉಳಿದದ್ದನ್ನು ಪಾರ್ಸೆಲ್ ಮಾಡಿಸಿಕೊಳ್ಳಲು ಅಡ್ಡಿಯಿಲ್ಲ. ರಾತ್ರಿ ಬಿಸಿ ಮಾಡಿದರೆ ಮತ್ತೆ ಜೀವ ಬರುತ್ತದೆ. ಹುರಿದ ಮೀನಿಗೆ ಈ ಸೌಲಭ್ಯವಿಲ್ಲ. ಪೊಟ್ಟಣ ಬಿಚ್ಚುವಷ್ಟರಲ್ಲಿ ರವೆ ಮೆತ್ತಗಾಗಿರುತ್ತದೆ.

ಕೋರಿ ರೊಟ್ಟಿ

ಮೂರರಲ್ಲಿ ಎಲ್ಲಕ್ಕಿಂತ ಅಗ್ಗ, ಬೇಗ ಸಿಗುವಂಥದ್ದೂ ಇದೇ. ರೊಟ್ಟಿ ಮೊದಲೇ ಮಾಡಿಟ್ಟ ಗರಿಗರಿ ಅಕ್ಕಿ ಹಾಳೆ, ಸಾರು ಒಲೆಯ ಮೇಲೆ ಸಿದ್ಧ. ರೈಲಿಗೆ ಎರಡು ಗಂಟೆ ಇದೆ ಎನ್ನುವಾಗ ಬೇರೆ ಯೋಚನೆ ಬೇಡ. ಸಾರನ್ನು ಒಮ್ಮೆಗೇ ಸುರಿಸಿಕೊಳ್ಳುವುದರಿಂದ ಇದು ಕೆಡುತ್ತದೆ. ಒಂದು ಹಾಳೆ ಮುರಿದು ಹಾಕಿ, ಅದು ನೆನೆಯುವಷ್ಟೇ ಸಾರು ಬಿಟ್ಟು, ಅರ್ಧ ನಿಮಿಷದಲ್ಲಿ ತಿನ್ನಲು ಶುರು ಮಾಡಬೇಕು. ಮೆತ್ತಗೆ ಬೇಕಾದ ಅಜ್ಜಿಗೆ ಎರಡು ನಿಮಿಷ ಹೆಚ್ಚು. ಕಾಯಿಹಾಲಿನ ಸಾರಾದ್ದರಿಂದ ಮಧ್ಯಾಹ್ನಕ್ಕೇ ಒಳ್ಳೆಯದು. ಬೆಳಿಗ್ಗೆ ಮಾಡಿದ್ದು ರಾತ್ರಿಯ ಹೊತ್ತಿಗೆ ತಿರುತಿರುಗಿ ಕಾಯಿಸಿ ಎಣ್ಣೆ ಒಡೆದಿರುತ್ತದೆ. ಸಂಭ್ರಮದ ಮುಖ್ಯ ಊಟವಾಗಿ ಇದನ್ನು ನಾವು ಆರಿಸುವುದಿಲ್ಲ. ಒಂದೇ ತಟ್ಟೆ, ಒಂದೇ ರುಚಿ, ನಡುವಿಗಿಟ್ಟು ಹಂಚಿಕೊಳ್ಳುವಂಥದ್ದಲ್ಲ.

ಗುಂಪಿನಲ್ಲಿ ಕಟ್ಟಾ ಸಸ್ಯಾಹಾರಿ ಹಿರಿಯರಿದ್ದರೆ ಮೇಲಿನ ಲೆಕ್ಕವೆಲ್ಲ ಬದಲಾಗುತ್ತದೆ. ಕುಂದಾಪುರದ ಕಡೆ ಪನೀರ್, ಅಣಬೆಯ ಘೀ ರೋಸ್ಟ್ ಸಿಗುತ್ತದೆ ನಿಜ, ಆದರೆ ಅಡುಗೆಮನೆ ಒಂದೇ. ಅದು ಒಪ್ಪದವರನ್ನು ಬರಿ ಮೊಸರನ್ನ ಹೇಳಿ ಕೂರಿಸುವುದು ಸರಿಯಲ್ಲ. ಅಂಥ ದಿನ ಬೆಳಗಿನ ತಿಂಡಿಯನ್ನೇ ಹಬ್ಬವಾಗಿಸಿ: ಉಡುಪಿ ರಥಬೀದಿಯ ಮಿತ್ರ ಸಮಾಜದಲ್ಲಿ ಬನ್ಸ್, ಗೋಳಿಬಜೆ, ಮಸಾಲೆದೋಸೆ ಎಲ್ಲರೂ ಕೂಡಿ ತಿನ್ನಿ. ಮಧ್ಯಾಹ್ನ ಹಿರಿಯರಿಗೆ ಕೃಷ್ಣಮಠದ ಅನ್ನಪ್ರಸಾದ, ಉಳಿದವರಿಗೆ ಮೀನು. ಹೊರಡುವ ಮೊದಲು ಪಂಚಾಂಗ ನೋಡಿ, ಏಕಾದಶಿಯಂದು ಮಠದಲ್ಲಿ ಊಟವಿಲ್ಲ.

ಇನ್ನು ಐಸ್‌ಕ್ರೀಮು. ಮಂಗಳೂರಿನಲ್ಲಿದ್ದರೆ ಐಡಿಯಲ್ ಅಥವಾ ಪಬ್ಬಾಸ್, ಉಡುಪಿಯಲ್ಲಿದ್ದರೆ ಡಯಾನಾ. ಮೂರೂ ಕಡೆ ಹೇಳಬೇಕಾದದ್ದು ಗಡ್‌ಬಡ್. ಘೀ ರೋಸ್ಟ್ ಉಂಡ ಹೊಟ್ಟೆಗೆ ಇಬ್ಬರಿಗೆ ಒಂದು ಗ್ಲಾಸು, ಮೀನೂಟವಾದರೆ ತಲೆಗೊಂದು. ತಳದ ಜೆಲ್ಲಿ, ಹಣ್ಣು, ಗೋಡಂಬಿ ಮೇಲಿನ ಐಸ್‌ಕ್ರೀಮಿನ ಜೊತೆ ಒಂದೇ ಚಮಚಕ್ಕೆ ಬರಬೇಕಾದ್ದರಿಂದ ಉದ್ದ ಚಮಚ ಕೇಳಿ ಪಡೆಯಿರಿ. ಭಾನುವಾರ ಸಂಜೆ ಏಳರ ಮೇಲೆ ಹೋದರೆ ಕುರ್ಚಿ ಸಿಗುವುದು ಕಷ್ಟ. ಊಟ ಮುಗಿಸಿ ಮೂರು ಗಂಟೆಗೆ ನೇರವಾಗಿ ಹೋದರೆ ಹತ್ತು ಜನರಿಗೂ ಒಂದೇ ಕಡೆ ಜಾಗ ಇರುತ್ತದೆ.