ಚಾರಣಕ್ಕೆ ಹಣ ಕಟ್ಟುವ ಮೊದಲು, ಎಲ್ಲರಿಗಿಂತ ಹಿಂದೆ ಯಾರು ನಡೆಯುತ್ತಾರೆಂದು ಕೇಳಿ

ವಾರಾಂತ್ಯದ ಚಾರಣಕ್ಕೆಂದು ಹಣ ಕಟ್ಟಿ, ಪರಿಚಯವಿಲ್ಲದವರ ಜೊತೆ ಶುಕ್ರವಾರ ರಾತ್ರಿ ಬಸ್ ಹತ್ತುವವರು ಇದನ್ನು ದಯವಿಟ್ಟು ಪೂರ್ತಿ ಓದಬೇಕು. ಮಳೆಗಾಲ ಮುಗಿದ ಮೇಲೆ, ನವೆಂಬರ್‌ನಲ್ಲಿ, ನನ್ನ ಚಿಕ್ಕಮ್ಮನ ಮಗಳು ಕುಮಾರಪರ್ವತದ ಕಾಡಿನಲ್ಲಿ ಒಬ್ಬಳೇ ಇಡೀ ರಾತ್ರಿ ಕಳೆಯಬೇಕಾಯಿತು. ಈಗ ಕ್ಷೇಮವಾಗಿದ್ದಾಳೆ. ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಕರೆದುಕೊಂಡು ಹೋದ ಸಂಸ್ಥೆಯ ಹೆಸರನ್ನು ಬರೆಯುವುದಿಲ್ಲ. ಅವರು ನಡೆಸಿದ ರೀತಿಯಲ್ಲೇ ಇನ್ನೂ ಎಷ್ಟೋ ಗುಂಪುಗಳು ನಡೆಯುತ್ತಿವೆ, ಒಂದು ಹೆಸರನ್ನು ತಪ್ಪಿಸಿದರೆ ಅಪಾಯ ತಪ್ಪುವುದಿಲ್ಲ.

ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಹತ್ತಿದವರಿಗೆ ದಾರಿ ಗೊತ್ತಿರುತ್ತದೆ. ಮೊದಲು ದಟ್ಟ ಕಾಡು, ಆಮೇಲೆ ಭಟ್ಟರ ಮನೆ, ಗಿರಿಗದ್ದೆಯ ಅರಣ್ಯ ತನಿಖಾ ಠಾಣೆ. ಅಲ್ಲಿಂದ ಹುಲ್ಲಿನ ಬೋಳುಗುಡ್ಡ ಏರಿದರೆ ಕಲ್ಲುಮಂಟಪ, ನಂತರ ಶೇಷಪರ್ವತ. ಶೇಷಪರ್ವತದಿಂದ ಮತ್ತೆ ಶೋಲಾ ಕಾಡಿಗೆ, ಅಂದರೆ ಬೆಟ್ಟದ ಮಡಿಲುಗಳಲ್ಲಿ ದಟ್ಟವಾಗಿ ಬೆಳೆಯುವ ಕಾಡಿಗೆ, ಇಳಿದು, ನೀರು ಜಿನುಗುವ ಬಂಡೆಯನ್ನು ಹತ್ತಿ, 1,712 ಮೀಟರ್ ಎತ್ತರದ ತುದಿಯನ್ನು ಮುಟ್ಟಬೇಕು. ಬೋಳುಗುಡ್ಡದ ಮೇಲೆ ಮಂಜಿಲ್ಲದಿದ್ದರೆ ಮುಂದಿನವರು, ಹಿಂದಿನವರು ಎಲ್ಲರೂ ಕಾಣುತ್ತಾರೆ. ಕಷ್ಟವಿರುವುದು ಶೇಷಪರ್ವತಕ್ಕೂ ತುದಿಗೂ ನಡುವಿನ ಆ ಕಾಡಿನಲ್ಲಿ. ಅಲ್ಲಿ ಹತ್ತು ಹೆಜ್ಜೆ ಆಚೆ ಇರುವವರು ಕಾಣುವುದಿಲ್ಲ. ಕಾಟಿಗಳು (ಕಾಡುಕೋಣಗಳು) ತುಳಿದ ಜಾಡೂ ಮನುಷ್ಯರ ಕಾಲುದಾರಿಯೂ ಒಂದೇ ತರಹ ಕಾಣುತ್ತವೆ.

ನನ್ನ ಮಂಡಿ ನೋಯುತ್ತಿದ್ದುದರಿಂದ ನಾನು ಕಲ್ಲುಮಂಟಪದಲ್ಲೇ ಉಳಿದೆ. ಗುಂಪಿನಲ್ಲಿ ನಲವತ್ತಕ್ಕೂ ಹೆಚ್ಚು ಜನ. ದಾರಿ ತೋರಿಸಲು ಇಬ್ಬರು ಹುಡುಗರು. ಒಬ್ಬ ವೇಗವಾಗಿ ನಡೆಯುವವರ ಮುಂದೆ, ಇನ್ನೊಬ್ಬ ಮಧ್ಯದಲ್ಲಿ. ಎಲ್ಲರಿಗಿಂತ ಹಿಂದೆ ನಡೆಯುವ ಕೆಲಸವನ್ನು ಯಾರಿಗೂ ಕೊಟ್ಟಿರಲಿಲ್ಲ.

ಮಧ್ಯಾಹ್ನದ ನಂತರ ಮಂಜು ಕವಿಯಿತು. ಜನ ಇಬ್ಬಿಬ್ಬರಾಗಿ, ಮೂವರು ಮೂವರಾಗಿ ಇಳಿದು ಬಂದರು. ಕೊನೆಗೆ ಮಧ್ಯದ ಹುಡುಗ ಬಂದು, "ಎಲ್ಲರೂ ಬಂದರು, ಹೊರಡೋಣ" ಎಂದ. ನನ್ನ ತಂಗಿ ಬಂದಿಲ್ಲ ಎಂದೆ. "ಅವರು ಮುಂದೆ ಹೋಗಿರಬೇಕು ಮೇಡಂ." ಮುಂದೆ ಹೋಗಿದ್ದರೆ ನನ್ನ ಎದುರಿಗೇ ಹೋಗಬೇಕಿತ್ತು, ನಾನು ಬೆಳಗ್ಗೆಯಿಂದ ಇಲ್ಲೇ ಕುಳಿತಿದ್ದೇನೆ ಎಂದೆ. ಅವನು ಮುಂದಿನವನಿಗೆ ಫೋನ್ ಮಾಡಿದ, ನೆಟ್‌ವರ್ಕ್ ಇರಲಿಲ್ಲ. ಇನ್ನೊಬ್ಬರು, ತುದಿಯಿಂದ ಸೋಮವಾರಪೇಟೆ ಕಡೆಗೂ ದಾರಿಯಿದೆ, ಅತ್ತ ಇಳಿದಿರಬಹುದು ಎಂದರು. ಅವಳನ್ನು ಕೊನೆಗೆ ಎಲ್ಲಿ ಕಂಡಿರಿ ಎಂದು ಒಬ್ಬೊಬ್ಬರನ್ನೂ ಕೇಳಿದೆ. ಮುಂದಿದ್ದವರು ಹಿಂದೆ ಇದ್ದಾಳೆಂದುಕೊಂಡಿದ್ದರು, ಹಿಂದಿದ್ದವರು ಮುಂದೆ ಹೋಗಿದ್ದಾಳೆಂದುಕೊಂಡಿದ್ದರು. ಅಷ್ಟು ಜನರ ನಡುವೆ ಒಬ್ಬಳು ಕಾಣೆಯಾಗಿ ಒಂದೂವರೆ ಗಂಟೆಯಾಗಿತ್ತು.

ನಡೆದದ್ದು ಇಷ್ಟು. ಬಂಡೆ ಇಳಿದು ಕಾಡಿಗೆ ಬಂದಾಗ ಅವಳಿಗೆ ಮೂತ್ರಕ್ಕೆ ಹೋಗಬೇಕಿತ್ತು. ಬಸ್ಸಿನಲ್ಲಿ ಪರಿಚಯವಾದ ಹುಡುಗಿಗೆ ಒಂದು ನಿಮಿಷ ನಿಲ್ಲಲು ಹೇಳಿ ಮರಗಳ ಮರೆಗೆ ಹೋದಳು. ಅಷ್ಟರಲ್ಲಿ ಕೆಳಗಿನಿಂದ, ಕತ್ತಲಾಗುತ್ತದೆ, ಬೇಗ ಬನ್ನಿ ಎಂದು ಕೂಗಿದರು. ಆ ಹುಡುಗಿ ಹಿಂದೆ ಬರುತ್ತಾಳೆಂದು ನಿಧಾನವಾಗಿ ಹೆಜ್ಜೆ ಹಾಕಿದಳು. ಇಲ್ಲಿ ಹೆಣ್ಣುಮಕ್ಕಳಿಗೆ ಒಂದು ಮಾತನ್ನು ಒತ್ತಿ ಹೇಳಬೇಕು. ಗಂಡಸರು ದಾರಿಯ ಪಕ್ಕದಲ್ಲೇ ನಿಲ್ಲುತ್ತಾರೆ, ನಾವು ಯಾರಿಗೂ ಕಾಣಬಾರದೆಂದು ಇನ್ನೂ ಒಳಗೆ ಹೋಗುತ್ತೇವೆ. ಗಂಡು ಗೈಡ್‌ಗೆ ಹೇಳಲು ಸಂಕೋಚಪಡುತ್ತೇವೆ. ಅಮೆರಿಕದ ಅಪಲಾಚಿಯನ್ ಟ್ರೇಲ್ ಎಂಬ ಉದ್ದದ ಚಾರಣ ದಾರಿಯಲ್ಲಿ 2013ರ ಜುಲೈನಲ್ಲಿ ಜೆರಾಲ್ಡಿನ್ ಲಾರ್ಗೇ ಎಂಬ 66 ವರ್ಷದ ಅನುಭವಿ ಚಾರಣಿಗರು ಇದೇ ಕಾರಣಕ್ಕೆ ದಾರಿ ಬಿಟ್ಟು ಒಳಗೆ ಹೋದರು, ಮರಳುವ ದಾರಿ ಸಿಗಲಿಲ್ಲ. ಮೊಬೈಲ್‌ನಿಂದ ಕಳಿಸಿದ ಸಂದೇಶಗಳು ಗಂಡನನ್ನು ತಲುಪಲೇ ಇಲ್ಲ. ವಾರಗಟ್ಟಲೆ ಜೀವಂತವಾಗಿದ್ದರು. ಅವರ ಅವಶೇಷ ಸಿಕ್ಕಿದ್ದು ಎರಡು ವರ್ಷಗಳ ಮೇಲೆ, ದಾರಿಯಿಂದ ಹೆಚ್ಚು ದೂರವಲ್ಲದ ಕಾಡಿನಲ್ಲಿ. ಆದ್ದರಿಂದ ನಾಚಿಕೆಯನ್ನು ಬದಿಗಿಟ್ಟು, ಒಬ್ಬರನ್ನು ದಾರಿಯ ಮೇಲೆ ನಿಲ್ಲಿಸಿ, ನಿಮ್ಮ ಚೀಲವನ್ನೂ ದಾರಿಯ ಮೇಲೆ ಅವರ ಹತ್ತಿರವೇ ಇಟ್ಟು ಹೋಗಿ. ಚೀಲ ಅಲ್ಲೇ ಇದ್ದರೆ ಯಾರೂ ಮುಂದೆ ಹೋಗುವುದಿಲ್ಲ. ಹೋಗುವಾಗಲೂ ಮಾತಾಡುತ್ತಲೇ ಇರಿ, ದನಿ ಕೇಳಿಸುವಷ್ಟೇ ದೂರ ಹೋಗಿ.

ಮರಳಿ ಬಂದವಳಿಗೆ ಕಾಲುದಾರಿಯೊಂದು ಸಿಕ್ಕಿತು. ಅದು ಪ್ರಾಣಿಗಳ ಜಾಡು. ಕೂಗಿದಳು, ಮಂಜಿನಲ್ಲಿ ಉತ್ತರ ಬರಲಿಲ್ಲ. ಇಳಿಯುತ್ತಾ ಹೋದಂತೆ ತೊರೆಯೊಂದು ಕಂಡಿತು. ಕುಮಾರಧಾರೆ ಹುಟ್ಟುವುದು ಇದೇ ಬೆಟ್ಟದ ಸಾಲಿನಲ್ಲಿ, ಹರಿಯುವುದು ಕುಕ್ಕೆಯ ಪಕ್ಕದಲ್ಲಿ, ಹಾಗಾಗಿ ನೀರಿನ ಜೊತೆ ಇಳಿದರೆ ಊರು ಸೇರುತ್ತೇನೆ ಎಂದು ಲೆಕ್ಕ ಹಾಕಿದಳು. ಕೇಳಲು ಸರಿಯಾಗಿಯೇ ಇದೆ, ನಾವೆಲ್ಲ ಚಿಕ್ಕಂದಿನಿಂದ ಕೇಳಿದ ಮಾತೂ ಇದೇ. ಆದರೆ ಪಶ್ಚಿಮಘಟ್ಟದ ನೀರು ಮೆಟ್ಟಿಲು ಇಳಿದಂತೆ ಇಳಿಯುವುದಿಲ್ಲ, ಧುಮುಕುತ್ತದೆ. ಅದೇ ಕುಮಾರಧಾರೆ ಸೋಮವಾರಪೇಟೆ ತಾಲ್ಲೂಕಿನ ಮಲ್ಲಳ್ಳಿಯಲ್ಲಿ 60 ಮೀಟರ್‌ಗೂ ಹೆಚ್ಚು ಎತ್ತರದಿಂದ ಬೀಳುತ್ತದೆ. ಅವಳು ಇಳಿದ ತೊರೆಯೂ ಒಂದು ಕಡೆ ಬಂಡೆಯ ಅಂಚಿಗೆ ಬಂದು ಕೆಳಗೆ ಕಾಣದಂತೆ ಮಾಯವಾಗಿತ್ತು. ಬೆಳಕು ಇನ್ನೂ ಸ್ವಲ್ಪ ಇದ್ದುದರಿಂದ ಅಂಚು ಕಾಣಿಸಿತು. ಹಿಂದೆ ಸರಿದು, ಒಣಗಿದ ಜಾಗ ನೋಡಿ, ಒಂದು ದೊಡ್ಡ ಮರದ ಬುಡದಲ್ಲಿ ಕುಳಿತಳು. ಅಲ್ಲಿಂದ ಮತ್ತೆ ಏಳಲಿಲ್ಲ. ಅವಳನ್ನು ಉಳಿಸಿದ್ದು ಆ ನಿರ್ಧಾರವೇ ಎಂದು ಆಮೇಲೆ ಅರಣ್ಯ ಸಿಬ್ಬಂದಿ ಹೇಳಿದರು.

2019ರ ಸೆಪ್ಟೆಂಬರ್‌ನಲ್ಲಿ ಇದೇ ಬೆಟ್ಟದಲ್ಲಿ ತಪ್ಪಿಸಿಕೊಂಡ ಬೆಂಗಳೂರಿನ ಯುವಕನೊಬ್ಬ ನೀರಿನ ಪೈಪ್ ಒಂದನ್ನು ಹಿಂಬಾಲಿಸಿ ಎರಡು ದಿನಗಳ ಮೇಲೆ ಕುಕ್ಕೆ ಕಡೆ ಬಂದು ಸೇರಿದ್ದ. ಪತ್ರಿಕೆಗಳಲ್ಲಿ ಬಂದಿತ್ತು, ಹಲವರಿಗೆ ನೆನಪಿರಬಹುದು. ಪೈಪ್‌ನ ಇನ್ನೊಂದು ತುದಿಯಲ್ಲಿ ಮನುಷ್ಯರಿರುತ್ತಾರೆ. ಕಾಡಿನ ತೊರೆಗೆ ಆ ಭರವಸೆಯಿಲ್ಲ. ಬದುಕಿ ಬಂದವರ ಕಥೆ ನಮಗೆ ಗೊತ್ತಾಗುತ್ತದೆ, ಅದನ್ನೇ ಉಪಾಯವೆಂದು ನಂಬಬೇಡಿ.

ನಿಂತಲ್ಲೇ ನಿಲ್ಲಿ ಎಂದು ಯಾಕೆ ಇಷ್ಟು ಹಟ ಹಿಡಿದು ಹೇಳುತ್ತೇನೆಂದರೆ, ಹುಡುಕುವವರ ಲೆಕ್ಕವೇ ಅದರ ಮೇಲಿದೆ. ಕಾಡಿನಲ್ಲಿ ಗಂಟೆಗೆ ಎರಡು ಕಿಲೋಮೀಟರ್ ನಡೆದರೂ, ಯಾವ ದಿಕ್ಕಿಗೆ ಹೋದರೆಂದು ಗೊತ್ತಿಲ್ಲದಿರುವಾಗ, ಒಂದು ಗಂಟೆ ನಡೆದವರನ್ನು ಹುಡುಕಬೇಕಾದ ಪ್ರದೇಶ ಸುತ್ತಲೂ ಸುಮಾರು 12.5 ಚದರ ಕಿಲೋಮೀಟರ್. ಎರಡು ಗಂಟೆ ನಡೆದರೆ ಅದು 50 ಚದರ ಕಿಲೋಮೀಟರ್ ಆಗುತ್ತದೆ. ಈ ಬೆಟ್ಟವಿರುವ ಪುಷ್ಪಗಿರಿ ವನ್ಯಜೀವಿಧಾಮದ ಒಟ್ಟು ವಿಸ್ತೀರ್ಣವೇ ಸುಮಾರು 102 ಚದರ ಕಿಲೋಮೀಟರ್. ಅಂದರೆ ಎರಡೇ ಗಂಟೆಯ ನಡಿಗೆಗೆ ವನ್ಯಜೀವಿಧಾಮದ ಅರ್ಧದಷ್ಟು ಜಾಗವನ್ನು ಹುಡುಕಬೇಕು! ನೇರವಾಗಿ ನಡೆದರೆ ಎಲ್ಲಾದರೂ ಹೊರಗೆ ಬರುತ್ತೇನೆ ಎನ್ನುವುದೂ ಭ್ರಮೆ. 2009ರಲ್ಲಿ ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ವಿಜ್ಞಾನಿಗಳು ಜನರನ್ನು ಕಾಡಿನಲ್ಲಿ ಬಿಟ್ಟು ನೇರ ನಡೆಯಲು ಹೇಳಿದರು. ಸೂರ್ಯ ಕಂಡಷ್ಟು ಹೊತ್ತು ನೇರ ನಡೆದರು. ಮೋಡ ಕವಿದ ದಿನ ನಡೆದವರು ತಿಳಿಯದೆಯೇ ಸುತ್ತು ಹೊಡೆದು ತಮ್ಮದೇ ದಾರಿಯನ್ನು ದಾಟಿದರು. ಮಂಜು ಕವಿದ ಶೋಲಾದಲ್ಲಿ ನಮ್ಮ ಸ್ಥಿತಿ ಅದಕ್ಕಿಂತ ಉತ್ತಮವಾಗಿರಲು ಸಾಧ್ಯವಿಲ್ಲ.

ನಾವು ಗಿರಿಗದ್ದೆಯ ಠಾಣೆ ತಲುಪಿದಾಗ ಸಂಜೆಯಾಗಿತ್ತು. ಅಲ್ಲಿನ ಸಿಬ್ಬಂದಿ, ಊರಿನ ಯುವಕರು ಒಂದು ಕ್ಷಣವೂ ತಡಮಾಡಲಿಲ್ಲ. ಅವರ ಋಣ ದೊಡ್ಡದು. ಯುರೋಪಿನ ಬೆಟ್ಟಗಳಲ್ಲಿರುವಂತೆ ಇದಕ್ಕೆಂದೇ ತರಬೇತಾದ ರಕ್ಷಣಾ ದಳ ನಮ್ಮ ಘಟ್ಟದ ಊರುಗಳಲ್ಲಿ ಕಾದಿರುವುದಿಲ್ಲ. ಹಗಲೆಲ್ಲ ದುಡಿದ ಅರಣ್ಯ ವೀಕ್ಷಕರು, ತೋಟದ ಕೆಲಸ ಮುಗಿಸಿದ ಹುಡುಗರು ಟಾರ್ಚ್ ಹಿಡಿದು ಆನೆ ಓಡಾಡುವ ಕಾಡಿಗೆ ರಾತ್ರಿ ಹೋಗುತ್ತಾರೆ. ಹೆಲಿಕಾಪ್ಟರ್ ಕರೆಸಬಾರದೇ ಎಂದು ಬಸ್ಸಿನವರೊಬ್ಬರು ಕೇಳಿದರು. 2022ರ ಫೆಬ್ರುವರಿಯಲ್ಲಿ ನಂದಿಬೆಟ್ಟದಲ್ಲಿ ಜಾರಿ ಬಂಡೆಯ ಮೇಲೆ ಸಿಲುಕಿದ ವಿದ್ಯಾರ್ಥಿಯನ್ನು ವಾಯುಪಡೆಯ ಹೆಲಿಕಾಪ್ಟರ್ ಎತ್ತಿದ್ದು ನಿಜ. ಆತ ಬೋಳು ಬಂಡೆಯ ಮೇಲಿದ್ದ, ಎಲ್ಲಿದ್ದಾನೆಂದು ಗೊತ್ತಿತ್ತು. ದಟ್ಟ ಮರಗಳ ಕೆಳಗಿರುವವರು ಮೇಲಿನಿಂದ ಕಾಣುವುದಿಲ್ಲ.

ವೀಕ್ಷಕರು ಮೊದಲು ಕೇಳಿದ ಪ್ರಶ್ನೆಗಳು ಬೇರೆ. ಯಾವ ಬಣ್ಣದ ಬಟ್ಟೆ? ಬೂಟಿನ ತಳ ಹೇಗಿದೆ? ಚೀಲದಲ್ಲಿ ಟಾರ್ಚ್ ಇದೆಯೇ? ಯಾವುದಾದರೂ ಔಷಧ ತೆಗೆದುಕೊಳ್ಳುತ್ತಾರೆಯೇ? ಕೊನೆಗೆ ಕಂಡಿದ್ದು ಎಷ್ಟು ಗಂಟೆಗೆ, ಯಾವ ಜಾಗದಲ್ಲಿ? ಆಯೋಜಕರ ಹುಡುಗರಿಗೆ ಒಂದೂ ಗೊತ್ತಿರಲಿಲ್ಲ. ಅವರ ಪಟ್ಟಿಯೂ ನೆಟ್‌ವರ್ಕ್ ಇದ್ದರೆ ಮಾತ್ರ ತೆರೆದುಕೊಳ್ಳುವಂತಹುದು. ತುದಿಯಲ್ಲಿ ಯಾರೋ ತೆಗೆದ ಗುಂಪಿನ ಫೋಟೋದಿಂದ ಜರ್ಕಿನ್ನಿನ ಬಣ್ಣ, ಸಮಯ ಎರಡೂ ಸಿಕ್ಕವು. ನಮ್ಮಲ್ಲಿ ಕೆಲವರು ತಾವೂ ಹುಡುಕಲು ಬರುತ್ತೇವೆಂದು ಎದ್ದರು. ಹಿರಿಯ ವೀಕ್ಷಕರು ನನ್ನ ಕಡೆ ತಿರುಗಿ, "ಬೇಡ ಅಕ್ಕ, ಇವರನ್ನೆಲ್ಲ ಇಲ್ಲೇ ಕೂರಿಸಿ. ಒಬ್ಬರನ್ನು ಹುಡುಕುವುದೇ ಸಾಕು" ಎಂದರು.

ಬಸ್ ಅದೇ ರಾತ್ರಿ ಬೆಂಗಳೂರಿಗೆ ಹೊರಟಿತು, ಉಳಿದವರಿಗೆ ಕೆಲಸವಿತ್ತಂತೆ. ಇಬ್ಬರು ಗೈಡ್‌ಗಳಲ್ಲಿ ಒಬ್ಬ ಮಾತ್ರ ನನ್ನ ಜೊತೆ ಉಳಿದ. ಸಂಸ್ಥೆಯ ಮುಖ್ಯಸ್ಥರು ಫೋನಿನಲ್ಲಿ ಕೇಳಿದ್ದು, ಇದನ್ನು ಎಲ್ಲೂ ಹಾಕಬೇಡಿ ಎಂದು. ಚಿಕ್ಕಮ್ಮನಿಗೆ ಸುದ್ದಿ ಮುಟ್ಟಿಸಬೇಕಾದ ಹೊತ್ತಿನಲ್ಲಿ ಆ ಮಾತನ್ನು ಕೇಳಬೇಕಾಯಿತು. ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ರಾತ್ರಿ ಶೇಷಪರ್ವತದವರೆಗೆ ಹೋಗಿ ಕೂಗಿದರೂ ಉತ್ತರ ಬರಲಿಲ್ಲ. ಬೆಳಕು ಹರಿಯುವ ಮೊದಲೇ ಮತ್ತೆ ಹೊರಟರು. ತೊರೆಯ ಕಡೆಯಿಂದ ಕಲ್ಲಿಗೆ ಲೋಹ ಬಡಿದ ಸದ್ದು ಬಂತಂತೆ. ಅವಳ ಗಂಟಲು ಕಟ್ಟಿಹೋಗಿತ್ತು, ಸ್ಟೀಲ್ ನೀರಿನ ಬಾಟಲಿಯನ್ನು ಬಂಡೆಗೆ ಬಡಿಯುತ್ತಿದ್ದಳು. ಮನುಷ್ಯರು ಮಾತ್ರ ಹಾಗೆ ಬಿಟ್ಟು ಬಿಟ್ಟು ಒಂದೇ ಲೆಕ್ಕದಲ್ಲಿ ಬಡಿಯುತ್ತಾರೆ ಎಂದು ಆ ಹಿರಿಯರು ತಕ್ಷಣ ಗುರುತಿಸಿದರು. ಬಟ್ಟೆ ಒದ್ದೆಯಾಗಿ, ಮೈ ನಡುಗಿ, ಮಾತು ತೊದಲುತ್ತಿತ್ತು. ಹಿಮ ಬೀಳದ ನಾಡಿನಲ್ಲೂ ಒದ್ದೆ ಬಟ್ಟೆ, ಗಾಳಿ ಎರಡೂ ಸೇರಿದರೆ ದೇಹದ ಶಾಖ ಪ್ರಾಣಕ್ಕೆ ಕುತ್ತಾಗುವಷ್ಟು ಇಳಿಯುತ್ತದೆ. ಒಣ ಬಟ್ಟೆ ತೊಡಿಸಿ, ಕಂಬಳಿ ಹೊದಿಸಿ, ಸಕ್ಕರೆ ಹಾಕಿದ ಬಿಸಿ ಚಹಾ ಕುಡಿಸಿ, ನಿಧಾನವಾಗಿ ಇಳಿಸಿಕೊಂಡು ಬಂದರು.

2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಕಂಡ ಜನಜಂಗುಳಿಯ ನಂತರ ಅರಣ್ಯ ಇಲಾಖೆ ಆನ್‌ಲೈನ್ ನೋಂದಣಿ ತಂದಿತು, ಚಾರಣಿಗರ ಸಂಖ್ಯೆಗೆ ಮಿತಿ ಹಾಕಿತು. ಒಳ್ಳೆಯದೇ. ಆದರೆ ನೋಂದಣಿಯಿಂದ ಗುಂಪು ಗುಂಪಾಗಿ ಉಳಿಯುವುದಿಲ್ಲ, ಅದನ್ನು ಕರೆದೊಯ್ಯುವವರು ನೋಡಿಕೊಳ್ಳಬೇಕು. ಹಣ ಕಟ್ಟುವ ಮೊದಲೇ ಕೇಳಿ: ಎಲ್ಲರಿಗಿಂತ ಹಿಂದೆ ನಡೆಯುವವರು ಯಾರು, ಅವರು ಈ ದಾರಿಯಲ್ಲಿ ಮೊದಲು ನಡೆದಿದ್ದಾರೆಯೇ? ಎಲ್ಲೆಲ್ಲಿ ನಿಂತು ತಲೆ ಎಣಿಸುತ್ತೀರಿ? ಕವಲು ಬಂದಲ್ಲೆಲ್ಲ ಕೊನೆಯವರು ಬರುವವರೆಗೆ ಮುಂದಿನವರು ನಿಲ್ಲುತ್ತಾರೆಯೇ? ನೋಡಿಕೊಳ್ಳುತ್ತೇವೆ ಎಂಬ ಉತ್ತರ ಬಂದರೆ ಆ ಗುಂಪು ಬೇಡ. ಹೊರಟ ಮೇಲೂ ಪ್ರತಿಯೊಬ್ಬರೂ ತಮ್ಮ ಹಿಂದಿನವರು ಕಾಣುತ್ತಿದ್ದಾರೆಯೇ ಎಂದು ತಿರುಗಿ ನೋಡುತ್ತಿದ್ದರೆ ಸಾಕು, ಕಾಣದಿದ್ದರೆ ನಿಲ್ಲಬೇಕು. ನಿಂತದ್ದಕ್ಕೆ ಯಾರಾದರೂ ಗೊಣಗಿದರೆ ಗೊಣಗಲಿ.

ಸೀಟಿಯನ್ನು ಚೀಲದೊಳಗಲ್ಲ, ಕೊರಳಿಗೆ ಕಟ್ಟಿಕೊಳ್ಳಿ. ಒಂದು ನಿಮಿಷಕ್ಕೆ ಆರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಆರು ಸಲ ಊದುವುದು ಪರ್ವತಗಳಲ್ಲಿ ನೆರವು ಕೇಳುವ ಅಂತರರಾಷ್ಟ್ರೀಯ ಸಂಕೇತ, ಟಾರ್ಚ್ ಮಿನುಗಿಸಿದರೂ ಇದೇ ಲೆಕ್ಕ. ನೆಟ್‌ವರ್ಕ್ ಹುಡುಕಿ ಹುಡುಕಿಯೇ ಫೋನಿನ ಬ್ಯಾಟರಿ ಮುಗಿಯುತ್ತದೆ, ನನ್ನ ತಂಗಿಯ ಫೋನ್ ಹಾಗೆಯೇ ಸತ್ತಿತು. ಏರೋಪ್ಲೇನ್ ಮೋಡ್‌ನಲ್ಲಿಟ್ಟು ಆಗಾಗ ಮಾತ್ರ ತೆರೆದು ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಿ. ನಿಮ್ಮ ಸಿಮ್‌ಗೆ ನೆಟ್‌ವರ್ಕ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಮೂಲಕ ಆ ಕರೆ ಹೋಗಬಹುದು. ಜಿಪಿಎಸ್‌ಗೆ ನೆಟ್‌ವರ್ಕ್ ಬೇಕಿಲ್ಲ, ನಕ್ಷೆಯನ್ನು ಮೊದಲೇ ಇಳಿಸಿಕೊಂಡಿದ್ದರೆ ನೀವಿರುವ ಜಾಗದ ಅಕ್ಷಾಂಶ, ರೇಖಾಂಶದ ಅಂಕಿಗಳನ್ನು ಓದಿ ಹೇಳಬಹುದು.

ಬೆಳಗ್ಗೆ ಹತ್ತುವ ಮೊದಲು ಬಟ್ಟೆ, ಬೂಟು ಕಾಣುವಂತೆ ಒಂದು ಫೋಟೋ ತೆಗೆದು ಮನೆಗೆ ಕಳಿಸಿ. ಅರಣ್ಯ ತನಿಖಾ ಠಾಣೆಯ ಸಂಖ್ಯೆಯನ್ನು ಅದರ ಜೊತೆಯೇ ಬರೆದುಕೊಡಿ. ರಾತ್ರಿ ಇಷ್ಟು ಗಂಟೆಯೊಳಗೆ ನನ್ನ ಫೋನ್ ಬರದಿದ್ದರೆ ಆಯೋಜಕರಿಗೆ ಕಾಯಬೇಡಿ, ನೇರವಾಗಿ ಠಾಣೆಗೂ 112ಕ್ಕೂ ಕರೆ ಮಾಡಿ ಎಂದು ಮನೆಯವರಿಗೆ ಗಂಟೆ ಸಮೇತ ಹೇಳಿ ಹೊರಡಿ.