‘ಊಟ ಆಯ್ತಾ’ ಅಂತ ಕೇಳಿ ಕೇಳಿಯೇ ನನ್ನಿಂದ 56,339 ರೂಪಾಯಿ ತೆಗೆದುಕೊಂಡರು

ಮೊನ್ನೆ ಪಕ್ಕದ ಮನೆಯ ಹುಡುಗಿ ಫೋನ್ ಹಿಡಿದುಕೊಂಡು ಬಂದಳು. ಬಿ.ಕಾಂ ಮುಗಿಸಿ ಒಂದು ವರ್ಷದಿಂದ ಕೆಲಸ ಹುಡುಕುತ್ತಿದ್ದಾಳೆ. ‘ಆಂಟಿ, ಇವರು ತುಂಬಾ ಒಳ್ಳೆಯವರು, ದಿನಾ ಮೆಸೇಜ್ ಮಾಡಿ ಧೈರ್ಯ ಹೇಳ್ತಾರೆ, ಸ್ವಲ್ಪ ಫೀಸ್ ಕಟ್ಟಬೇಕಂತೆ, ನೀವು ಅಕೌಂಟ್ಸ್‌ನವರಲ್ವಾ, ಒಂದ್ಸಲ ನೋಡಿ’ ಅಂದಳು. ನೋಡಿದೆ. ಕೆಲಸ ಕೊಡಿಸುತ್ತೇವೆ ಅಂತ ನನಗೆ ಮೋಸ ಮಾಡಿದವರಿಗಿಂತ ಹೆಸರು ಬೇರೆ, ನಂಬರ್ ಬೇರೆ. ಮೊದಲ ಸಾಲು ಮಾತ್ರ ಅದೇ. ‘ಊಟ ಆಯ್ತಾ ಡಿಯರ್?’ ನನ್ನ ಕೈಕಾಲು ತಣ್ಣಗಾಯಿತು. ಇಷ್ಟು ದಿನ ನಾಚಿಕೆಯಿಂದ ಮನೆಯವರನ್ನು ಬಿಟ್ಟು ಯಾರಿಗೂ ಹೇಳಿರಲಿಲ್ಲ. ಈಗ ಹೇಳುತ್ತಿದ್ದೇನೆ. ಉದ್ದ ಆಗಬಹುದು, ಆದರೆ ಕೆಲಸ ಹುಡುಕುತ್ತಿರುವವರು ಪೂರ್ತಿ ಓದಿ.

ನಾನು ಪೀಣ್ಯದ ಒಂದು ಕಂಪನಿಯಲ್ಲಿ ಹನ್ನೊಂದು ವರ್ಷ ಅಕೌಂಟ್ಸ್ ನೋಡುತ್ತಿದ್ದೆ. ಟ್ಯಾಲಿ, ಜಿಎಸ್‌ಟಿ, ಟಿಡಿಎಸ್, ಕಾರ್ಮಿಕರ ಪಿಎಫ್, ಇಎಸ್‌ಐ ಎಲ್ಲ ನನ್ನ ಟೇಬಲ್ ಮೇಲೆಯೇ. ಹೋದ ವರ್ಷ ಆಷಾಢದಲ್ಲಿ ಆರ್ಡರ್ ಕಡಿಮೆಯಾಯಿತು ಅಂತ ಆಫೀಸಿನ ಆರು ಜನರನ್ನು ಒಂದೇ ದಿನ ಮನೆಗೆ ಕಳಿಸಿದರು. ಮೊದಲ ತಿಂಗಳು ಅಷ್ಟೇನೂ ಅನ್ನಿಸಲಿಲ್ಲ. ಮಗಳನ್ನು ಸ್ಕೂಲಿಗೆ ಬಿಡುವುದು, ಮನೆ ಕೆಲಸ, ಹೇಗೋ ಹೋಯಿತು. ಎರಡನೇ ತಿಂಗಳು 20ನೇ ತಾರೀಕು ಬಂತು. ಪ್ರತಿ ತಿಂಗಳು ಆ ದಿನ ಜಿಎಸ್‌ಟಿಯ 3ಬಿ ರಿಟರ್ನ್ ಹಾಕುವ ಗಡಿಬಿಡಿ, ಪೋರ್ಟಲ್ ತೆರೆಯುವುದಿಲ್ಲ, ಬ್ಯಾಂಕಿನ ಚಲನ್ ಬಂದಿರುವುದಿಲ್ಲ, ಮಧ್ಯಾಹ್ನದ ಡಬ್ಬಿ ತೆಗೆಯುವ ಹೊತ್ತಿಗೆ ನಾಲ್ಕು ಗಂಟೆ. ಅವತ್ತು ಹನ್ನೊಂದು ಗಂಟೆಗೆ ಅಡುಗೆಮನೆಯಲ್ಲಿ ಹುರುಳಿಕಾಯಿ ಮುರಿಯುತ್ತಾ ಕೂತಿದ್ದೆ. ಕ್ಯಾಲೆಂಡರ್ ಕಡೆ ಕಣ್ಣು ಹೋಯಿತು. ಸುಮ್ನೆ ಅಳು ಬಂತು.

ಮನೆಯವರು ಕೆಟ್ಟವರಲ್ಲ, ಇದನ್ನು ಮೊದಲೇ ಹೇಳಬೇಕು. ನಮ್ಮ ಯಜಮಾನರು ಸಂಜೆ ಬಂದು ಶೂ ಬಿಚ್ಚುತ್ತಾ ‘ಏನಾದ್ರೂ ಆಯ್ತಾ?’ ಅಂತ ಕೇಳುತ್ತಿದ್ದರು. ದಾವಣಗೆರೆಯಿಂದ ಅಮ್ಮ ಫೋನ್ ಮಾಡಿ ‘ಏನಾದ್ರೂ ಆಯ್ತೇನೇ?’ ಅನ್ನುತ್ತಿದ್ದರು. ಅತ್ತೆ ಕೇಳುತ್ತಿರಲಿಲ್ಲ, ಆದರೆ ಫೋನ್ ಬಂದಾಗಲೆಲ್ಲ ನನ್ನ ಮುಖ ನೋಡುತ್ತಿದ್ದರು. ಎಲ್ಲರದ್ದೂ ಕಾಳಜಿಯೇ. ಆದರೆ ದಿನಕ್ಕೆ ಮೂರು ಸಲ ‘ಇಲ್ಲ’ ಅಂತ ಹೇಳಿ ಹೇಳಿ ಆ ಪದವೇ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಆಮೇಲೆ ಆಮೇಲೆ ಯಜಮಾನರು ಬರುವ ಹೊತ್ತಿಗೆ ಸರಿಯಾಗಿ ತರಕಾರಿಗೆ ಅಂತ ಹೊರಗೆ ಹೋಗಲು ಶುರು ಮಾಡಿದೆ.

ಆ ಟೈಮಲ್ಲೇ ಫೋನ್ ಬಂದದ್ದು. ನಾನು ಎರಡು ಮೂರು ಜಾಬ್ ಸೈಟುಗಳಲ್ಲಿ ರೆಸ್ಯೂಮೆ ಹಾಕಿದ್ದೆ. ಅದರಲ್ಲಿರುವ ನಂಬರ್ ಯಾರ ಕೈಗೆ ಹೋಗುತ್ತದೆ ಅಂತ ನಮಗೆ ಗೊತ್ತಿರುವುದಿಲ್ಲ. ಒಬ್ಬ ಹೆಂಗಸು, ನಮ್ಮ ಕಡೆಯದೇ ಮಾತು. ‘ನಾವು ಕೆಲಸ ಕಳೆದುಕೊಂಡವರಿಗೆ ಸಪೋರ್ಟ್ ಮಾಡ್ತೀವಿ, ಮೊದಲು ನಮ್ಮ ಗ್ರೂಪಿಗೆ ಸೇರಿಕೊಳ್ಳಿ, ದುಡ್ಡೇನೂ ಇಲ್ಲ’ ಅಂದರು. ವಾಟ್ಸಾಪ್ ಗ್ರೂಪಲ್ಲಿ ಇನ್ನೂರಕ್ಕೂ ಜಾಸ್ತಿ ಜನ. ಬೆಳಿಗ್ಗೆ ಒಂದು ಧೈರ್ಯದ ಮಾತು, ಮಧ್ಯಾಹ್ನ ಇಂಟರ್‌ವ್ಯೂ ಟಿಪ್ಸ್, ಸಂಜೆ ಯಾರದ್ದಾದರೂ ‘ಥ್ಯಾಂಕ್ಯೂ ಮೇಡಂ, ಆಫರ್ ಬಂತು’ ಅನ್ನುವ ಮೆಸೇಜು. ಅದರಲ್ಲಿ ಎಷ್ಟು ಜನ ನಿಜವಾದವರು, ಎಷ್ಟು ಜನ ಅವರದೇ ನಂಬರುಗಳು ಅಂತ ಇವತ್ತಿಗೂ ನನಗೆ ಗೊತ್ತಿಲ್ಲ.

ಆ ಹೆಂಗಸು ದಿನಾ ಮಧ್ಯಾಹ್ನ ಒಂದೂವರೆಗೆ ಮೆಸೇಜ್ ಮಾಡುತ್ತಿದ್ದಳು. ‘ಊಟ ಆಯ್ತಾ ಡಿಯರ್?’ ಕೆಲಸದ ಮಾತೇ ಇಲ್ಲ. ಒಂದು ದಿನ ನಾನು ಊಟ ಮಾಡಿಲ್ಲ ಅಂದೆ. ತಕ್ಷಣ ಫೋನ್ ಮಾಡಿ, ನಾನು ತಟ್ಟೆ ಹಾಕಿಕೊಂಡು ಮೊದಲ ತುತ್ತು ತಿನ್ನುವವರೆಗೂ ಲೈನಲ್ಲೇ ಇದ್ದಳು. ನಾಲ್ಕು ತಿಂಗಳಲ್ಲಿ ‘ಏನಾದ್ರೂ ಆಯ್ತಾ’ ಅಂತ ಕೇಳದೆ ನನ್ನ ಹತ್ತಿರ ಮಾತಾಡಿದವಳು ಅವಳೊಬ್ಬಳೇ. ಆಮೇಲೆ ಅವಳು ಏನು ಹೇಳಿದರೂ ನಾನು ಕೇಳುವ ಹಾಗಾಗಿಬಿಟ್ಟಿದ್ದೆ. ದುಡ್ಡಿನ ಮಾತು ಬರಲು ಮೂರು ವಾರ ಹಿಡಿಯಿತು. ಅಷ್ಟು ತಾಳ್ಮೆ ಅವರಿಗೆ.

ಮೊದಲು ರಿಜಿಸ್ಟ್ರೇಷನ್ ಅಂತ 1,999. ಕಟ್ಟಿದೆ. ಆಮೇಲೆ ರೆಸ್ಯೂಮೆ ಬರೆದುಕೊಡಲು, ಅಣಕು ಇಂಟರ್‌ವ್ಯೂ ಮಾಡಿಸಲು 9,500. ಅದೂ ಕಟ್ಟಿದೆ. ರೆಸ್ಯೂಮೆ ಬಂತು, ನಾನು ಬರೆದದ್ದನ್ನೇ ನೀಲಿ ಬಣ್ಣದ ಪಟ್ಟಿ ಹಾಕಿ ಕಳಿಸಿದ್ದರು. ಹತ್ತು ದಿನಕ್ಕೆ ಫೋನಲ್ಲೇ ಒಂದು ಇಂಟರ್‌ವ್ಯೂ. ವೈಟ್‌ಫೀಲ್ಡಿನ ದೊಡ್ಡ ಕಂಪನಿಯ ಹೆಸರು ಹೇಳಿದರು. ಇಪ್ಪತ್ತು ನಿಮಿಷ ಮಾತಾಡಿದರು, ಪ್ರಶ್ನೆಗಳು ಸರಿಯಾಗಿಯೇ ಇದ್ದವು. ಮರುದಿನ ‘ಸೆಲೆಕ್ಟ್ ಆಗಿದ್ದೀರಿ, ಭದ್ರತಾ ಠೇವಣಿ 38,000 ಕಟ್ಟಬೇಕು, ಮೊದಲ ಸಂಬಳದ ಜೊತೆ ವಾಪಸ್ ಬರುತ್ತೆ’ ಅಂದರು. ನನ್ನ ಹತ್ತಿರ ಅಷ್ಟು ಇರಲಿಲ್ಲ. ಅಮ್ಮ ಕೊಟ್ಟಿದ್ದ ಎರಡೆಳೆ ಸರ ಇತ್ತು. ಯಜಮಾನರಿಗೆ ಹೇಳಲಿಲ್ಲ. ಗೋಲ್ಡ್ ಲೋನ್ ಆಫೀಸಿನ ಕೌಂಟರಲ್ಲಿ ಆ ಹುಡುಗ ಸರವನ್ನು ಕಲ್ಲಿಗೆ ಉಜ್ಜಿ, ತೂಕ ಹಾಕಿ, ಪ್ಲಾಸ್ಟಿಕ್ ಕವರಿಗೆ ಹಾಕಿ ಸೀಲ್ ಮಾಡಿದ. ಸರ ಇಲ್ಲದ್ದು ಅತ್ತೆಯ ಕಣ್ಣಿಗೆ ಬೀಳಬಾರದು ಅಂತ ಒಂದು ವಾರ ಸೆರಗು ಎಳೆದುಕೊಂಡೇ ಓಡಾಡಿದೆ.

ಠೇವಣಿ ಕಟ್ಟಿದ ಮೇಲೆ ಅದಕ್ಕೆ 18% ಜಿಎಸ್‌ಟಿ ಅಂತ ಇನ್ನೂ 6,840 ಕೇಳಿದರು. ಇಲ್ಲಿ ನಾನು ನಿಲ್ಲಬೇಕಿತ್ತು. ವಾಪಸ್ ಕೊಡುವ ಠೇವಣಿಗೆ ಜಿಎಸ್‌ಟಿ ಬರುವುದಿಲ್ಲ. ಆ ಠೇವಣಿಯನ್ನು ಸೇವೆಯ ಶುಲ್ಕವಾಗಿ ಹಿಡಿದುಕೊಂಡರೆ ಮಾತ್ರ ತೆರಿಗೆ. ಇದನ್ನು ನಾನು ಆಫೀಸಿನಲ್ಲಿ ಎಷ್ಟೋ ಸಲ ಬೇರೆಯವರಿಗೆ ಹೇಳಿಕೊಟ್ಟಿದ್ದೇನೆ. ಆದರೂ ಕಟ್ಟಿದೆ. ಬಿಲ್ ಕೇಳಿದೆ, ಕಳಿಸಿದರು. ಅದರಲ್ಲಿದ್ದ ಜಿಎಸ್‌ಟಿ ನಂಬರ್ 27ರಿಂದ ಶುರುವಾಗುತ್ತಿತ್ತು. ಕರ್ನಾಟಕದ್ದು 29, 27 ಅಂದರೆ ಮಹಾರಾಷ್ಟ್ರ. ಜಿಎಸ್‌ಟಿ ಪೋರ್ಟಲಲ್ಲಿ ಯಾರು ಬೇಕಾದರೂ ನಂಬರ್ ಹಾಕಿ ಅದು ಯಾರದ್ದು ಅಂತ ನೋಡಬಹುದು, ಲಾಗಿನ್ ಕೂಡ ಬೇಡ. ನಾನು ನೋಡಿದ್ದು ಎಲ್ಲ ಮುಗಿದ ಮೇಲೆ. ಅದು ಯಾವುದೋ ಹಾರ್ಡ್‌ವೇರ್ ಅಂಗಡಿಯ ನಂಬರ್.

ಆಫರ್ ಲೆಟರಿನಲ್ಲೂ ಹಾಗೆಯೇ. ಬೇಸಿಕ್ 22,000 ಅಂತ ಇತ್ತು, ನನ್ನ ಸಂಬಳದಿಂದ ಪಿಎಫ್ ಕಡಿತ 2,860 ಅಂತ ಇತ್ತು. 12% ಅಂದರೆ 2,640 ಆಗಬೇಕು. ಪಿಎಫ್ ಲೆಕ್ಕಕ್ಕಿರುವ 15,000ದ ಸಂಬಳದ ಮಿತಿಗೆ ಹಿಡಿದರೆ 1,800 ಆಗಬೇಕು. 2,860 ಇವೆರಡೂ ಅಲ್ಲ. ಆ ಅಂಕಿ ನನ್ನ ಕಣ್ಣಿಗೆ ಬಿದ್ದಿತ್ತು, ‘ಟೈಪಿಂಗ್ ತಪ್ಪಿರಬೇಕು’ ಅಂದುಕೊಂಡೆ. ಓದಿದವರು, ತಿಳಿದವರು ಹೇಗೆ ಮೋಸ ಹೋಗುತ್ತಾರೆ ಅಂತ ಕೇಳುವವರಿಗೆ ಇದನ್ನು ಹೇಳಲೇಬೇಕು. ನನಗೆ ಲೆಕ್ಕ ಗೊತ್ತಿತ್ತು. ಆ ಕಾಗದ ನಿಜವಾಗಿರಲಿ ಅನ್ನುವ ಆಸೆ ಲೆಕ್ಕಕ್ಕಿಂತ ದೊಡ್ಡದಾಗಿತ್ತು.

ಸೇರಬೇಕಾದ ದಿನ ಬೆಳಿಗ್ಗೆ ಐದಕ್ಕೆ ಎದ್ದು ಚಿತ್ರಾನ್ನ ಮಾಡಿ ಡಬ್ಬಿ ಕಟ್ಟಿದೆ. ಮಗಳು ‘ಆಲ್ ದಿ ಬೆಸ್ಟ್ ಅಮ್ಮ’ ಅಂತ ಚೀಟಿ ಬರೆದು ಬ್ಯಾಗಿಗೆ ಹಾಕಿದ್ದಳು. ದಾಸರಹಳ್ಳಿಯಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ನೇರಳೆ ಲೈನಿಗೆ ಬದಲಾಯಿಸಿ ವೈಟ್‌ಫೀಲ್ಡಿಗೆ ಹೋದೆ. ಗೇಟಿನಲ್ಲಿ ಸೆಕ್ಯೂರಿಟಿಯವರು ಲೆಟರ್ ತೆಗೆದುಕೊಂಡು ಪೂರ್ತಿ ಓದಲೂ ಇಲ್ಲ. ‘ಅಮ್ಮಾ, ಈ ತಿಂಗಳು ನೀವು ಮೂರನೆಯವರು’ ಅಂದರು. ವಯಸ್ಸಾದವರು, ಕೂತುಕೊಳ್ಳಿ ಅಂತ ತಮ್ಮ ಕುರ್ಚಿ ಬಿಟ್ಟುಕೊಟ್ಟರು, ನೀರು ಕೊಟ್ಟರು. ಅಲ್ಲೇ ಕೂತು ಆ ‘ಊಟ ಆಯ್ತಾ’ ಹೆಂಗಸಿಗೆ ಫೋನ್ ಮಾಡಿದೆ. ಸ್ವಿಚ್ ಆಫ್. ಗ್ರೂಪ್ ತೆಗೆದು ನೋಡಿದರೆ ನನ್ನನ್ನು ಹೊರಗೆ ಹಾಕಿದ್ದರು.

ಆಮೇಲೆ ನಾನು ಮಾಡಿದ ದೊಡ್ಡ ತಪ್ಪು ಕೇಳಿ. ನಾಲ್ಕು ದಿನ ಯಾರಿಗೂ ಹೇಳಲಿಲ್ಲ. ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಹೋಗಿ ದೇವಸ್ಥಾನದಲ್ಲಿ ಕೂತು ಬರುತ್ತಿದ್ದೆ. ಐದನೇ ದಿನ ತಡೆಯಲಾಗದೆ ಯಜಮಾನರ ಮುಂದೆ ಎಲ್ಲ ಹೇಳಿಬಿಟ್ಟೆ. ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ, ಬಹಳ ಹೊತ್ತು ಸುಮ್ಮನಿದ್ದು, ‘ಮೊದಲು 1930ಕ್ಕೆ ಫೋನ್ ಮಾಡು’ ಅಂದರು. ಆ ನಂಬರ್ ದುಡ್ಡಿನ ಸೈಬರ್ ಮೋಸಕ್ಕೆ ಅಂತಲೇ ಇರುವುದು. ಮೋಸಗಾರರು ದುಡ್ಡನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟಿಸುತ್ತಲೇ ಇರುತ್ತಾರೆ. ಬೇಗ ಹೇಳಿದರೆ ಯಾವುದೋ ಒಂದು ಖಾತೆಯಲ್ಲಿ ಅದು ಇರುವಾಗಲೇ ಬ್ಯಾಂಕಿನವರು ತಡೆಹಿಡಿಯಬಹುದು. ನನ್ನ ನಾಲ್ಕೂ ಪಾವತಿ ನಾಲ್ಕು ಬೇರೆ ಬೇರೆ ಜನರ ಹೆಸರಿನ ಖಾತೆಗಳಿಗೆ ಹೋಗಿದ್ದವು, ಒಂದೂ ಕಂಪನಿ ಹೆಸರಲ್ಲಿಲ್ಲ. ಕೊನೆಯ 6,840 ಮಾತ್ರ ಸಿಕ್ಕಿ ತಡೆಹಿಡಿದಿದ್ದಾರೆ, ಇನ್ನೂ ಕೈಗೆ ಬಂದಿಲ್ಲ. ಉಳಿದದ್ದು ಹೋಯಿತು. ಗೇಟಿನ ಹತ್ತಿರ ಕೂತಿದ್ದಾಗಲೇ ಫೋನ್ ಮಾಡಿದ್ದರೆ ಅನ್ನಿಸುತ್ತಲೇ ಇರುತ್ತದೆ. ಫೋನಲ್ಲಿ ಹೇಳಿ ಸುಮ್ಮನಾಗಬೇಡಿ, ಸೈಬರ್ ಕ್ರೈಮ್ ಪೋರ್ಟಲಲ್ಲಿ ದೂರು ಹಾಕಿ, ನಂಬರ್ ಬರೆದಿಟ್ಟುಕೊಳ್ಳಿ, ಸ್ಟೇಷನ್ನಿಗೂ ಹೋಗಿ. ಚಾಟ್ ಅಳಿಸಬೇಡಿ. ನನಗೆ ಕೋಪಕ್ಕೆ ಅಳಿಸಿಬಿಡೋಣ ಅನ್ನಿಸಿತ್ತು.

ಇನ್ನೊಂದು. ಒಂದು ತಿಂಗಳಾದ ಮೇಲೆ ಯಾರೋ ಫೋನ್ ಮಾಡಿ ‘ನಿಮ್ಮ ದುಡ್ಡು ವಾಪಸ್ ಕೊಡಿಸ್ತೀವಿ, ಪ್ರೊಸೆಸಿಂಗ್ 2,500’ ಅಂದರು. ಅದೂ ಮೋಸವೇ. ಒಮ್ಮೆ ಕಳೆದುಕೊಂಡವರ ಪಟ್ಟಿ ಇವರ ಹತ್ತಿರ ಇರುತ್ತದೆ.

ದುಡ್ಡಿಗಿಂತ ನನಗೆ ಭಯ ಇದ್ದದ್ದು ಕಾಗದಗಳದ್ದು. ಆಧಾರ್, ಪಾನ್, ಕ್ಯಾನ್ಸಲ್ ಮಾಡಿದ ಚೆಕ್, ಡಿಗ್ರಿ ಸರ್ಟಿಫಿಕೇಟ್ ಎಲ್ಲ ಕಳಿಸಿದ್ದೆ. ನನ್ನ ಬೆರಳಚ್ಚು, ಕಣ್ಣಿನ ಗುರುತನ್ನು ಯಾರೂ ಬಳಸದ ಹಾಗೆ ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿದೆ. ನನ್ನ ಹೆಸರಲ್ಲಿ ಯಾರಾದರೂ ಸಾಲ ತೆಗೆದಿದ್ದಾರಾ ಅಂತ ಕ್ರೆಡಿಟ್ ರಿಪೋರ್ಟ್ ನೋಡಿದೆ, ವರ್ಷಕ್ಕೆ ಒಂದು ಸಲ ಪೂರ್ತಿ ರಿಪೋರ್ಟನ್ನು ಅದನ್ನು ತಯಾರಿಸುವ ಪ್ರತಿ ಕಂಪನಿಯೂ ಬಿಟ್ಟಿ ಕೊಡಲೇಬೇಕು. ಸದ್ಯಕ್ಕೆ ಏನೂ ಇಲ್ಲ. ನೀವು ಯಾರಿಗಾದರೂ ಆಧಾರ್ ಕೊಡಲೇಬೇಕಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ.

ಕೆಲಸ ಕೊಡಿಸುವ ನಿಜವಾದ ಕನ್ಸಲ್ಟೆನ್ಸಿಗಳೂ ಇವೆ, ಎಲ್ಲರೂ ಕಳ್ಳರು ಅಂತ ನಾನು ಹೇಳುತ್ತಿಲ್ಲ. ಆದರೆ ಅವರು ದುಡ್ಡು ತೆಗೆದುಕೊಳ್ಳುವುದು ಕಂಪನಿಯಿಂದ. ನಮ್ಮ ಹಳೇ ಆಫೀಸಿನಲ್ಲಿ ಅಂಥ ಬಿಲ್ಲುಗಳಿಗೆ ನಾನೇ ಎಂಟ್ರಿ ಹಾಕಿದ್ದೇನೆ. ಸೇರಿದವರ ವರ್ಷದ ಸಂಬಳದ 8.33%, ಅಂದರೆ ಒಂದು ತಿಂಗಳ ಸಂಬಳ. ಕೆಲಸ ಹುಡುಕುವವರು ಒಂದು ರೂಪಾಯಿಯೂ ಕೊಡಬೇಕಾಗಿಲ್ಲ. ಕೇಂದ್ರ ಕಾರ್ಮಿಕ ಇಲಾಖೆಯ ನ್ಯಾಷನಲ್ ಕೆರಿಯರ್ ಸರ್ವಿಸ್ ಪೋರ್ಟಲ್ 2015ರಿಂದ ಇದೆ, ಅಲ್ಲೂ ಫೀಸ್ ಇಲ್ಲ. ಮತ್ತೆ ಆ ಮೋಸಗಾರರು ನನಗೆ ‘15,000 ಕೊಟ್ಟರೆ ಇನ್ನೂ ಒಳ್ಳೆ ಕಂಪನಿಯ ಅನುಭವ ಪತ್ರ ಮಾಡಿಸಿ ಕೊಡ್ತೀವಿ’ ಅಂತಲೂ ಅಂದಿದ್ದರು. ಅದೊಂದನ್ನು ನಾನು ಬೇಡ ಅಂದೆ. ಹುಡುಗರೇ, ದಯವಿಟ್ಟು ಇದಕ್ಕೆ ಕೈ ಹಾಕಬೇಡಿ. ಪಿಎಫ್‌ನ ಯುಎಎನ್, ಅಂದರೆ ಕೆಲಸ ಬದಲಾದರೂ ಬದಲಾಗದ ನಿಮ್ಮ ಪಿಎಫ್ ನಂಬರ್, ತೆಗೆದರೆ ಪಿಎಫ್ ಕಟ್ಟಿದ ಕಡೆ ನೀವು ಎಲ್ಲಿ, ಯಾವಾಗ ಕೆಲಸ ಮಾಡಿದ್ದಿರಿ ಅಂತ ಬರುತ್ತದೆ. ಹೊಸ ಕಂಪನಿಯವರು ಅದನ್ನು ಕೇಳುತ್ತಾರೆ. ಸಿಕ್ಕಿಬಿದ್ದರೆ ಸಿಕ್ಕ ಕೆಲಸವೂ ಹೋಗುತ್ತದೆ.

ಆಮೇಲಿನ ಎರಡು ವಾರ ನನಗೆ ನಿದ್ದೆಯೇ ಇರಲಿಲ್ಲ. ಒಂದು ರಾತ್ರಿ ಎರಡು ಗಂಟೆಗೆ ಬಾಲ್ಕನಿಯಲ್ಲಿ ನಿಂತು 14416ಕ್ಕೆ ಫೋನ್ ಮಾಡಿದೆ, ಮನಸ್ಸಿನ ತೊಂದರೆಗೆ ಇರುವ ಸರ್ಕಾರದ ಸಹಾಯವಾಣಿ, ಟೆಲಿ ಮಾನಸ್. ದುಡ್ಡು ಇಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ, ಯಾವ ಹೊತ್ತಲ್ಲಾದರೂ ಮಾಡಬಹುದು. ಆ ಕಡೆಯ ಹುಡುಗಿ ಅರ್ಧ ಗಂಟೆ ಕೇಳಿಸಿಕೊಂಡಳು. ಮೊದಮೊದಲು ನನಗೆ ಅವಳ ಮೇಲೂ ನಂಬಿಕೆ ಬರಲಿಲ್ಲ, ಯಾವಾಗ ದುಡ್ಡು ಕೇಳುತ್ತಾಳೋ ಅಂತ ಕಾಯುತ್ತಿದ್ದೆ. ಕೇಳಲಿಲ್ಲ. ‘ನಾಳೆ ಮನೆಯಲ್ಲಿ ಒಬ್ಬರ ಹತ್ತಿರವಾದರೂ ಇದನ್ನೇ ಹೇಳಿ’ ಅಂದಳು, ಅಷ್ಟೇ.

ಹೇಳಿದೆ. ದಿನಾ ಕೇಳಿದರೆ ನನಗೆ ಹೇಗಾಗುತ್ತದೆ ಅಂತ ಯಜಮಾನರಿಗೆ ಬಿಡಿಸಿ ಹೇಳಿದೆ. ಅವರಿಗೆ ನಿಜವಾಗಲೂ ಗೊತ್ತಿರಲಿಲ್ಲ. ಕೇಳದಿದ್ದರೆ ಕಾಳಜಿ ಇಲ್ಲ ಅಂದುಕೊಳ್ಳುತ್ತೀಯ ಅಂತ ಕೇಳುತ್ತಿದ್ದೆ ಅಂದರು. ಈಗ ನಮ್ಮ ಮನೆಯಲ್ಲಿ ಕೆಲಸದ ಮಾತು ಭಾನುವಾರ ಸಂಜೆ ಮಾತ್ರ. ಕಾಫಿ ಇಟ್ಟುಕೊಂಡು ಕೂರುತ್ತೇವೆ, ಆ ವಾರ ಎಲ್ಲೆಲ್ಲಿ ಅರ್ಜಿ ಹಾಕಿದೆ ಅಂತ ನೋಟ್‌ಬುಕ್ ತೋರಿಸುತ್ತೇನೆ, ಯಾರಾದರೂ ದುಡ್ಡು ಕೇಳಿದ್ದರೆ ಅದನ್ನೂ ಅವರೇ ನೋಡುತ್ತಾರೆ. ಉಳಿದ ಆರು ದಿನ ‘ಊಟ ಆಯ್ತಾ’ ಅಂತ ಕೇಳುತ್ತಾರೆ. ಮೊದಲ ಸಲ ಅವರು ಹಾಗೆ ಕೇಳಿದಾಗ ನಾನು ಅತ್ತುಬಿಟ್ಟೆ.

ಕೆಲಸ ಹುಡುಕಲು ನಿಜವಾಗಿ ಸಹಾಯ ಮಾಡಿದ್ದು ಹಳೇ ಆಫೀಸಿನ ಸಹೋದ್ಯೋಗಿ. ನಾಚಿಕೆಗೆ ಅವಳಿಗೂ ಫೋನ್ ಮಾಡಿರಲಿಲ್ಲ. ಒಂದು ಶನಿವಾರ ಬಂದು ನನ್ನ ರೆಸ್ಯೂಮೆಯನ್ನು ಸಾಲು ಸಾಲಾಗಿ ತಿದ್ದಿ, ‘ಎಷ್ಟು ಜನರ ಪಿಎಫ್ ನೋಡುತ್ತಿದ್ದೆ, ಎಷ್ಟು ವರ್ಷ ಆಡಿಟ್ ಮುಗಿಸಿದ್ದೀಯ, ಅದನ್ನೆಲ್ಲ ಯಾಕೆ ಬರೆದಿಲ್ಲ?’ ಅಂತ ಬೈದಳು. ಅವಳಿಗೆ ಗೊತ್ತಿದ್ದ ರಾಜಾಜಿನಗರದ ಒಬ್ಬ ಆಡಿಟರ್ ಹತ್ತಿರ ಈಗ ವಾರಕ್ಕೆ ನಾಲ್ಕು ದಿನ ಹೋಗುತ್ತಿದ್ದೇನೆ. ಸಂಬಳ ಮೊದಲಿನದರ ಅರ್ಧ. ಪೂರ್ತಿ ಕೆಲಸ ಇನ್ನೂ ಹುಡುಕುತ್ತಿದ್ದೇನೆ. ಸರ ಇನ್ನೂ ಬಿಡಿಸಿಕೊಂಡಿಲ್ಲ.

ಪಕ್ಕದ ಮನೆಯ ಹುಡುಗಿ ದುಡ್ಡು ಕಟ್ಟಲಿಲ್ಲ. ಅವಳ ರೆಸ್ಯೂಮೆ ಮುಂದಿನ ಶನಿವಾರ ನಾನು ನೋಡಿಕೊಡುತ್ತೇನೆ. ಆ ನಕಲಿ ಬಿಲ್ಲು, ಆಫರ್ ಲೆಟರ್, ಚಾಟಿನ ಸ್ಕ್ರೀನ್‌ಶಾಟ್ ಎಲ್ಲ ನನ್ನ ಹತ್ತಿರ ಇವೆ. ನಿಮಗೂ ಇಂಥದ್ದೇ ಬಂದಿದ್ದು ಅನುಮಾನ ಇದ್ದರೆ, ದುಡ್ಡು ಕಟ್ಟುವ ಮೊದಲು ನನಗೆ ಮೆಸೇಜ್ ಮಾಡಿ, ಹೋಲಿಸಿ ನೋಡೋಣ. ಆಫೀಸಿಂದ ಬರುವುದು ಏಳು ಗಂಟೆ ಆಗುತ್ತದೆ, ಆಮೇಲೆ ಖಂಡಿತ ಉತ್ತರ ಕೊಡುತ್ತೇನೆ. ಈಗಾಗಲೇ ಕಟ್ಟಿದ್ದರೆ ನನಗೆ ಬರೆಯುತ್ತಾ ಕೂರಬೇಡಿ, ಮೊದಲು 1930ಕ್ಕೆ ಫೋನ್ ಮಾಡಿ.